ಸನ್ನದು ಪಡೆದ ನಂತರದ ಓದು ಯಾರ ಹೊಣೆ?

ಭಾರತದಲ್ಲಿ ವೃತ್ತಿ ನಡೆಸುವ ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳಷ್ಟು ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು 2002ರ ವೈದ್ಯರ ವೃತ್ತಿನಡತೆಯ ನಿಯಮಗಳು ಹೇಳುತ್ತವೆ. ಚಾರ್ಟರ್ಡ್ ಅಕೌಂಟೆಂಟರಿಗೂ ಅವರ ಸಂಸ್ಥೆ ವರ್ಷವರ್ಷವೂ ಇಷ್ಟು ಗಂಟೆ ಕಲಿಯಬೇಕೆಂದು ಕಟ್ಟಳೆ ಮಾಡಿದೆ. ನ್ಯಾಯಾಧೀಶರ ತರಬೇತಿಗೆಂದೇ ಬೆಂಗಳೂರಿನಲ್ಲಿ ಕರ್ನಾಟಕ ನ್ಯಾಯಾಂಗ ಅಕಾಡೆಮಿಯೂ ಭೋಪಾಲದಲ್ಲಿ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯೂ ಇವೆ. ಅದೇ ನ್ಯಾಯಾಧೀಶರ ಎದುರು ನಿಂತು ವಾದಿಸುವ ವಕೀಲರು ಮಾತ್ರ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಒಮ್ಮೆ ಪಾಸು ಮಾಡಿಕೊಂಡರೆ, ಆಮೇಲಿನ ಮೂವತ್ತು ನಲವತ್ತು ವರ್ಷಗಳಲ್ಲಿ ಹೊಸ ಕಾನೂನನ್ನು ಓದಿದ್ದೇವೆಂದು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಕರ್ನಾಟಕದ ಒಂದು ಜಿಲ್ಲಾ ನ್ಯಾಯಾಲಯದಲ್ಲಿ ಕೆಲವು ವರ್ಷ ವಕೀಲಿ ಮಾಡಿ, ಈಗ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಅದೇ ವೃತ್ತಿಯಲ್ಲಿರುವ ನನಗೆ ಈ ವ್ಯತ್ಯಾಸ ದಿನೇದಿನೇ ಹೆಚ್ಚು ಕಾಡುತ್ತಿದೆ. ಇಲ್ಲಿನ ವ್ಯವಸ್ಥೆಯಲ್ಲಿ ನಮ್ಮವರು ತೆಗೆದುಕೊಳ್ಳಬೇಕಾದ ಭಾಗ ಯಾವುದು, ಬಿಡಬೇಕಾದ ಭಾಗ ಯಾವುದು ಎಂಬುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ.

ನ್ಯೂಯಾರ್ಕಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅನುಭವವಿರುವ ವಕೀಲರು ಪ್ರತಿ ಎರಡು ವರ್ಷದ ಅವಧಿಯಲ್ಲಿ 24 ಗಂಟೆಗಳ ನಿರಂತರ ಕಾನೂನು ಶಿಕ್ಷಣವನ್ನು ಪೂರೈಸಬೇಕು. ಇಲ್ಲಿ ಗಂಟೆಯೆಂದರೆ 50 ನಿಮಿಷ. ಅದರಲ್ಲಿ ಕನಿಷ್ಠ ನಾಲ್ಕು ಗಂಟೆ ವೃತ್ತಿನೀತಿಗೆ, ಒಂದು ಗಂಟೆ ಪಕ್ಷಪಾತ ನಿವಾರಣೆಯ ವಿಷಯಕ್ಕೆ, 2023ರ ಜುಲೈಯಿಂದೀಚೆಗೆ ಇನ್ನೊಂದು ಗಂಟೆ ಸೈಬರ್ ಭದ್ರತೆ ಮತ್ತು ಕಕ್ಷಿದಾರರ ಮಾಹಿತಿಯ ರಕ್ಷಣೆಗೆ ಮೀಸಲು. ಹೊಸದಾಗಿ ಸನ್ನದು ಪಡೆದವರಿಗೆ ಹೊರೆ ಹೆಚ್ಚು: ಮೊದಲ ಎರಡು ವರ್ಷ, ವರ್ಷಕ್ಕೆ 16 ಗಂಟೆಯಂತೆ, ಒಟ್ಟು 32 ಗಂಟೆ. ಎರಡು ವರ್ಷಕ್ಕೊಮ್ಮೆ ಹುಟ್ಟುಹಬ್ಬದ ಆಸುಪಾಸಿನಲ್ಲಿ ನೋಂದಣಿ ನವೀಕರಿಸುವಾಗ, ಇಷ್ಟನ್ನೂ ಪೂರೈಸಿದ್ದೇನೆಂದು ವಕೀಲರೇ ದೃಢೀಕರಿಸುತ್ತಾರೆ. ಪ್ರಮಾಣಪತ್ರಗಳನ್ನು ನಾಲ್ಕು ವರ್ಷ ಜೋಪಾನವಾಗಿಟ್ಟುಕೊಂಡು ಕೇಳಿದಾಗ ತೋರಿಸಬೇಕು.

ಲೆಕ್ಕದ ಸಂಗತಿ ಇಷ್ಟೇ, ಅದರಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಪಾಠ ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಎಂಬುದು ನನಗೆ ಮುಖ್ಯ. ದೊಡ್ಡ ಸಂಸ್ಥೆಗಳು ಅಂತರಜಾಲದಲ್ಲಿ ಪಾಠಗಳನ್ನು ಮಾರುತ್ತವೆಂಬುದು ನಿಜ, ಆದರೆ ಸಣ್ಣ ಊರುಗಳ ವಕೀಲರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅವರವರ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ವಕೀಲರ ಸಂಘ ಸಂಜೆಯ ಹೊತ್ತಿಗೋ ಮಧ್ಯಾಹ್ನದ ಊಟದ ಬಿಡುವಿನಲ್ಲಿಯೋ ಏರ್ಪಡಿಸುವ ತರಗತಿ. ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶರು ಬಂದು, ಮಕ್ಕಳ ಪಾಲನೆಯ ಅರ್ಜಿಗಳಲ್ಲಿ ವಕೀಲರು ಪದೇಪದೇ ಬಿಟ್ಟುಬಿಡುವ ಅಂಶಗಳು ಯಾವುವೆಂದು ನೇರವಾಗಿ ಹೇಳುತ್ತಾರೆ. ಉಯಿಲುಗಳನ್ನು ನೋಡಿಕೊಳ್ಳುವ ನ್ಯಾಯಾಲಯದ ಮುಖ್ಯ ಗುಮಾಸ್ತರು ಬಂದು, ಯಾವ ಕಾಗದ ಇಲ್ಲದೆ ಕಡತ ಹಿಂದಿರುಗುತ್ತದೆಂದು ವಿವರಿಸುತ್ತಾರೆ. ಪ್ರಶ್ನೆ ಕೇಳುವವರಿಗೂ ಉತ್ತರಿಸುವವರಿಗೂ ಮರುದಿನ ಬೆಳಿಗ್ಗೆ ಅದೇ ಕಟ್ಟಡದಲ್ಲಿ ಕೆಲಸವಿರುವುದರಿಂದ ಅಲ್ಲಿ ಒಣ ಉಪನ್ಯಾಸಕ್ಕೆ ಜಾಗವೇ ಇರುವುದಿಲ್ಲ.

ಈ ರಾಜ್ಯದ ಟೌನ್ ಮತ್ತು ವಿಲೇಜ್ ನ್ಯಾಯಾಲಯಗಳಲ್ಲಿ ಕಾನೂನು ಪದವಿ ಇಲ್ಲದವರೂ ನ್ಯಾಯಾಧೀಶರಾಗಬಹುದೆಂಬುದು ನಮ್ಮವರಿಗೆ ವಿಚಿತ್ರವಾಗಿ ಕಂಡೀತು. ಅಂಥ ನ್ಯಾಯಾಧೀಶರಿಗೂ ತರಬೇತಿ ಕಡ್ಡಾಯ. ಪೀಠದಲ್ಲಿ ಕುಳಿತವರೇ ಕಲಿಯುತ್ತಿರುವಾಗ, ಅವರೆದುರು ನಿಲ್ಲುವ ವಕೀಲರು ಕಲಿಯಲಾರೆವೆಂದರೆ ಯಾರೂ ಒಪ್ಪುವುದಿಲ್ಲ.

ಇದರ ಪ್ರಯೋಜನ ಏನೆಂಬುದು ಕಾನೂನು ಒಮ್ಮೆಲೇ ಬದಲಾದಾಗ ತಿಳಿಯುತ್ತದೆ. ನ್ಯೂಯಾರ್ಕ್ ಶಾಸನಸಭೆ 2019ರ ವಸಂತದಲ್ಲಿ ಕ್ರಿಮಿನಲ್ ಪ್ರಕ್ರಿಯೆಯ ಎರಡು ದೊಡ್ಡ ಅಧ್ಯಾಯಗಳನ್ನು, ಅಂದರೆ ಜಾಮೀನು ಮತ್ತು ಸಾಕ್ಷ್ಯ ಹಸ್ತಾಂತರದ ನಿಯಮಗಳನ್ನು, ಬದಲಾಯಿಸಿತು. ಅವು 2020ರ ಜನವರಿ 1ರಂದು ಜಾರಿಗೆ ಬಂದವು. ಅದುವರೆಗೆ ಸಾಕ್ಷಿಗಳ ಹೇಳಿಕೆಗಳು ಆರೋಪಿಯ ವಕೀಲರ ಕೈಸೇರುತ್ತಿದ್ದುದು ಬಹಳ ಸಲ ವಿಚಾರಣೆಯ ಹೊಸ್ತಿಲಲ್ಲಿ. ಹೊಸ ನಿಯಮದಂತೆ, ಆರೋಪಿಯ ವಕೀಲರು ಕೇಳದಿದ್ದರೂ ಪ್ರಾಸಿಕ್ಯೂಷನ್ ಅವುಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕಾಯಿತು. ವಕೀಲರು ಹೇಗೂ ಗಂಟೆಗಳನ್ನು ಪೂರೈಸಲೇಬೇಕಿತ್ತು, ಅದಕ್ಕೆ ಬೇಕಾದ ತರಗತಿಗಳ ಏರ್ಪಾಡು ಮೊದಲೇ ಇತ್ತು. ಆದ್ದರಿಂದ ಹೊಸ ವಿಷಯವನ್ನು ಆ ಏರ್ಪಾಡಿನೊಳಕ್ಕೆ ತರುವುದಕ್ಕೆ ಯಾವ ಹೊಸ ಆದೇಶವೂ ಬೇಕಾಗಲಿಲ್ಲ.

ಕರ್ನಾಟಕದಲ್ಲಿ 2024ರ ಜುಲೈ 1ರಂದು ಆದದ್ದು ಇದಕ್ಕಿಂತ ಎಷ್ಟೋ ದೊಡ್ಡ ಬದಲಾವಣೆ. 1860ರ ದಂಡ ಸಂಹಿತೆ, 1973ರ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ, ಮೂರೂ ಒಂದೇ ದಿನ ಹಿಂದೆ ಸರಿದು ಅವುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಬಂದವು. ಕೆಲವು ವಕೀಲರ ಸಂಘಗಳು ತಾವಾಗಿಯೇ ಮುಂದೆ ಬಂದು ಉಪನ್ಯಾಸಗಳನ್ನು ಏರ್ಪಡಿಸಿದವು, ಅವುಗಳ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಅಂಥ ಸಂಘವಿಲ್ಲದ ಊರಿನ ವಕೀಲರು ಹಳೆಯ ಮತ್ತು ಹೊಸ ಕಲಂಗಳನ್ನು ಅಕ್ಕಪಕ್ಕ ತೋರಿಸುವ ಪುಸ್ತಕದಂಗಡಿಯ ಹೋಲಿಕೆಪಟ್ಟಿಯನ್ನೇ ನೆಚ್ಚಬೇಕಾಯಿತು. ಹಳೆಯ ಪ್ರಕ್ರಿಯಾ ಸಂಹಿತೆಯ 482ನೇ ಕಲಂ ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಅಂದರೆ ಪ್ರಕರಣವನ್ನು ರದ್ದುಪಡಿಸುವಂಥ ಆದೇಶಗಳಿಗೆ ಆಧಾರವಾದ ಅಧಿಕಾರ. ಹೊಸ ಸಂಹಿತೆಯಲ್ಲಿ ಅದೇ ಸಂಖ್ಯೆ ನಿರೀಕ್ಷಣಾ ಜಾಮೀನಿನದು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ವಕೀಲರು ಎರಡನ್ನೂ ಇನ್ನೂ ಬಹಳ ವರ್ಷ ಜೊತೆಜೊತೆಯಾಗಿ ನೆನಪಿಟ್ಟುಕೊಳ್ಳಬೇಕು.

ಸಂಖ್ಯೆಗಳನ್ನಾದರೂ ಪಟ್ಟಿ ನೋಡಿ ಸರಿಪಡಿಸಿಕೊಳ್ಳಬಹುದು. ಪಟ್ಟಿಯಲ್ಲಿ ಕಾಣದ ಬದಲಾವಣೆಗಳು ಹೆಚ್ಚು ಅಪಾಯಕಾರಿ. ಎಲೆಕ್ಟ್ರಾನಿಕ್ ದಾಖಲೆಗೆ ಹಿಂದೆ ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಂನ ಪ್ರಮಾಣಪತ್ರ ಲಗತ್ತಿಸುತ್ತಿದ್ದೆವು. ಈಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ಎರಡು ಭಾಗಗಳಿವೆ: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ನೆರವಾಗುವ, ಬೆರಳಚ್ಚಿನಂಥ ಸಂಕೇತವನ್ನು) ನಮೂದಿಸಬೇಕು. ಅಂಗಡಿಯ ಸಿಸಿಟಿವಿ ದೃಶ್ಯವನ್ನೋ ವಾಟ್ಸ್‌ಆ್ಯಪ್ ಸಂದೇಶವನ್ನೋ ನಂಬಿಕೊಂಡ ಪ್ರಕರಣದಲ್ಲಿ ವಕೀಲರು ಹಳೆಯ ನಮೂನೆಯನ್ನೇ ಸಲ್ಲಿಸಿದರೆ ಪೆಟ್ಟು ಬೀಳುವುದು ಕಕ್ಷಿದಾರರಿಗೆ. ವಕಾಲತ್ತಿಗೆ ಸಹಿ ಹಾಕಿದ ಆ ಮನುಷ್ಯನಿಗೆ ತನ್ನ ಸಾಕ್ಷ್ಯ ಏಕೆ ಬಿದ್ದುಹೋಯಿತೆಂಬುದು ಕೊನೆಯವರೆಗೂ ತಿಳಿಯದೆ ಹೋಗಬಹುದು.

ವಿಭಾಗ ದಾವೆಗಳನ್ನು, ಅಂದರೆ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ದಾವೆಗಳನ್ನು, ನೋಡಿ. ಕರ್ನಾಟಕದ ಸಿವಿಲ್ ನ್ಯಾಯಾಲಯಗಳಲ್ಲಿ ಇವುಗಳಷ್ಟು ಸಾಮಾನ್ಯವಾದ ದಾವೆ ಬೇರೆ ಯಾವುದೂ ಇರಲಿಕ್ಕಿಲ್ಲ, ಕಾನೂನು ಇಷ್ಟು ಸಲ ತಿರುವು ಪಡೆದ ಕ್ಷೇತ್ರಗಳೂ ಕಡಿಮೆ. ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಆ ದಿನಾಂಕದಂದು ತಂದೆ ಬದುಕಿರಬೇಕು ಎಂದಿತು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ತೊಡೆದುಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ತೀರ್ಪಿತ್ತಿತು. 2015ರ ತೀರ್ಪಿನಲ್ಲೇ ನಿಂತುಬಿಟ್ಟ ವಕೀಲರೊಬ್ಬರು ಹಳ್ಳಿಯಿಂದ ಬಂದ ಹೆಣ್ಣುಮಗಳಿಗೆ, "ಅಮ್ಮಾ, ನಿಮ್ಮ ತಂದೆ ಅಷ್ಟರಲ್ಲೇ ತೀರಿಕೊಂಡಿದ್ದರಲ್ಲ, ನಿಮಗೆ ಪಾಲು ಬರುವುದಿಲ್ಲ" ಎಂದು ಹೇಳಿ ಕಳುಹಿಸಿದರೆ, ಆಕೆ ಅದನ್ನೇ ಕಾನೂನೆಂದು ನಂಬಿ ಮನೆಗೆ ಹೋಗುತ್ತಾಳೆ. ಯಾವ ಮೇಲ್ಮನವಿಯೂ ಈ ಅನ್ಯಾಯವನ್ನು ಸರಿಪಡಿಸಲಾರದು, ಏಕೆಂದರೆ ದಾವೆಯೇ ಹೂಡಲ್ಪಟ್ಟಿರುವುದಿಲ್ಲ.

ನಮ್ಮಲ್ಲಿ ಕಲಿಕೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಕಲಿಯುವ ನಮ್ಮ ಪದ್ಧತಿಗೆ ಸಾಟಿಯಾದದ್ದು ನನಗೆ ನ್ಯೂಯಾರ್ಕಿನಲ್ಲಿ ಸಿಕ್ಕಿಲ್ಲ. ಸಂಜೆ ಕಕ್ಷಿದಾರರ ಮಾತು ಕೇಳುತ್ತಾ ಟಿಪ್ಪಣಿ ಬರೆದುಕೊಳ್ಳುವುದು, ವಾದಪತ್ರದ ಕರಡನ್ನು ಹಿರಿಯರು ಸಾಲುಸಾಲಾಗಿ ತಿದ್ದುವುದನ್ನು ನೋಡುವುದು, ಪಾಟೀಸವಾಲಿನಲ್ಲಿ ಯಾವ ಪ್ರಶ್ನೆಯನ್ನು ಕೇಳದೆ ಬಿಡಬೇಕೆಂದು ತಿಳಿಯುವುದು, ಇವು ಯಾವ ತರಗತಿಯಲ್ಲೂ ಬರುವ ವಿದ್ಯೆಯಲ್ಲ. ಇಲ್ಲಿ ಸನ್ನದು ಪಡೆದ ಮರುತಿಂಗಳೇ ಒಬ್ಬಂಟಿಯಾಗಿ ಬಾಗಿಲು ತೆರೆದು ಕೂರುವ ಯುವ ವಕೀಲರನ್ನು ಕಂಡಾಗ ಅವರಿಗೆ ಏನು ತಪ್ಪಿಹೋಗಿದೆಯೆಂದು ನನಗೆ ಅನಿಸುತ್ತದೆ. ಆದರೆ ಕಚೇರಿಯ ಕಲಿಕೆ ಹಿರಿಯರು ಎಲ್ಲಿಯವರೆಗೆ ಓದಿದ್ದಾರೋ ಅಲ್ಲಿಯವರೆಗೆ ಮಾತ್ರ ಬರುತ್ತದೆ, ಅದೂ ಒಳ್ಳೆಯ ಹಿರಿಯರು ಸಿಕ್ಕಿದರೆ. ಮನೆತನದಲ್ಲಿ ವಕೀಲರಿಲ್ಲದ, ಹಳ್ಳಿಯಿಂದ ಬಂದ, ಸಂಬಳವಿಲ್ಲದೆ ವರ್ಷಗಟ್ಟಲೆ ಕಾಯಲಾರದ ಹುಡುಗ ಹುಡುಗಿಯರಿಗೆ ಆ ಬಾಗಿಲು ಎಷ್ಟೋ ಸಲ ತೆರೆಯುವುದೇ ಇಲ್ಲ. ಅಂಥವರಿಗೂ ಹಕ್ಕಿನಿಂದ ಸಿಗುವ ಕಲಿಕೆಯ ಜಾಗವೊಂದು ಬೇಕು.

ಗಂಟೆಗಳ ಲೆಕ್ಕದ ವಿರುದ್ಧ ಇರುವ ಆಕ್ಷೇಪಕ್ಕೆ ಬಲವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಲ್ಬನಿಯಿಂದ ಒಂದು ಗಂಟೆಯ ಹಾದಿಯೊಳಗೇ ಸಿಗುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಂಥ ಕಡ್ಡಾಯವೇ ಇಲ್ಲ. ಹೊಸಬರು ವೃತ್ತಿಧರ್ಮದ ತರಗತಿಯೊಂದಕ್ಕೆ ಹಾಜರಾದರೆ ಸಾಕು. ಅಲ್ಲಿಯ ವಕೀಲರು ನಮಗಿಂತ ಕಡಿಮೆ ಬಲ್ಲವರೆಂದು ಯಾರೂ ಹೇಳಲಾರರು. ಇಂಗ್ಲೆಂಡಿನ ಸಾಲಿಸಿಟರ್‌ಗಳಿಗೆ (ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಡುವ ವಕೀಲರಿಗೆ) ವರ್ಷಕ್ಕೆ 16 ಗಂಟೆಯ ನಿಯಮವಿತ್ತು. 2016ರ ನವೆಂಬರ್‌ನಿಂದ ಅದನ್ನು ಕೈಬಿಟ್ಟು, ಪ್ರತಿಯೊಬ್ಬರೂ ತಮ್ಮ ಕೊರತೆಯನ್ನು ತಾವೇ ಗುರುತಿಸಿ, ಅದಕ್ಕೆ ತಕ್ಕಂತೆ ಕಲಿತು, ಹಾಗೆ ಮಾಡಿದ್ದೇವೆಂದು ಘೋಷಿಸುವ ಪದ್ಧತಿ ತಂದರು. ಇಲ್ಲಿಯೂ ಅವಧಿ ಮುಗಿಯುವ ವಾರದಲ್ಲಿ, ತಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದ ಧ್ವನಿಮುದ್ರಿತ ಪಾಠವನ್ನು ಹಾಕಿಕೊಂಡು, ಪಾಠ ಕೇಳಿದ್ದಕ್ಕೆ ಗುರುತಾಗಿ ನಡುವೆ ಹೇಳುವ ಗುಪ್ತಸಂಕೇತವನ್ನು ಬರೆದುಕೊಳ್ಳುವುದಕ್ಕಷ್ಟೇ ಕಿವಿಗೊಡುವವರಿದ್ದಾರೆ. ಕೆಲವರು ಹೀಗೆ ಮಾಡುತ್ತಾರೆಂಬುದು ಎಲ್ಲರನ್ನೂ ಓದಿನ ಹೊಣೆಯಿಂದ ಬಿಡಿಸಲು ಕಾರಣವಾಗದು. ಆದರೆ ಕೇವಲ ಗಂಟೆ ಎಣಿಸುವ ನಿಯಮವನ್ನು ನಾವು ಎರವಲು ತಂದರೆ ಪ್ರಮಾಣಪತ್ರಗಳ ವ್ಯಾಪಾರ ಬೆಳೆದೀತೆಂಬ ಭಯ ನನಗಿದೆ.

ಭಾರತದಲ್ಲಿ ಈ ದಿಕ್ಕಿನ ಪ್ರಯತ್ನಗಳು ಆಗಿಲ್ಲವೆಂದಲ್ಲ. ಕಾನೂನು ವಿಚಾರಸಂಕಿರಣಗಳನ್ನು ನಡೆಸುವುದು ರಾಜ್ಯ ವಕೀಲರ ಪರಿಷತ್ತಿನ ಕೆಲಸಗಳಲ್ಲೊಂದೆಂದು 1961ರ ವಕೀಲರ ಅಧಿನಿಯಮವೇ ಹೇಳುತ್ತದೆ. ನೋಂದಣಿಗೆ ಮುಂಚೆ ಒಂದು ವರ್ಷದ ತರಬೇತಿಯನ್ನು ಕಡ್ಡಾಯ ಮಾಡಿದ್ದ ಭಾರತೀಯ ವಕೀಲರ ಪರಿಷತ್ತಿನ 1995ರ ನಿಯಮಗಳನ್ನು ಸುಪ್ರೀಂ ಕೋರ್ಟು 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಅಧಿಕಾರದ ಕೊರತೆಯ ಕಾರಣಕ್ಕೆ ರದ್ದುಮಾಡಿತ್ತು. 2023ರ ಫೆಬ್ರವರಿಯಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಎತ್ತಿಹಿಡಿದ ಸಂವಿಧಾನ ಪೀಠ ಆ ಹಳೆಯ ನಿಲುವನ್ನು ಒಪ್ಪಲಿಲ್ಲ. ಆದ್ದರಿಂದ ಪರಿಷತ್ತಿಗೆ ಅಧಿಕಾರವಿಲ್ಲವೆಂಬ ವಾದ ಈಗ ಮೊದಲಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ವೃತ್ತಿ ಪ್ರಮಾಣಪತ್ರಗಳ ಪರಿಶೀಲನೆಗೆ 2015ರಲ್ಲಿ ಮಾಡಿದ ನಿಯಮಗಳೂ ಇವೆ. ಅವು ಪದವಿ ಅಸಲಿಯೇ, ನಿಜವಾಗಿ ವೃತ್ತಿಯಲ್ಲಿದ್ದೀರಾ ಎಂದು ಕೇಳುತ್ತವೆಯೇ ಹೊರತು ಈಚೆಗೆ ಏನು ಕಲಿತಿರಿ ಎಂದು ಕೇಳುವುದಿಲ್ಲ. ನೆರೆಯ ಕೇರಳದ ವಕೀಲರ ಪರಿಷತ್ತು ಕೊಚ್ಚಿಯಲ್ಲಿ ನಿರಂತರ ಕಾನೂನು ಶಿಕ್ಷಣಕ್ಕೆಂದೇ ಅಕಾಡೆಮಿಯೊಂದನ್ನು ಕಟ್ಟಿ, ವಿಚಾರಣೆಯಿಲ್ಲದ ಮುನ್ನೆಚ್ಚರಿಕೆಯ ಬಂಧನವನ್ನು ಪ್ರಶ್ನಿಸಿದ 1950ರ ಎ.ಕೆ. ಗೋಪಾಲನ್ ಪ್ರಕರಣವನ್ನು ವಾದಿಸಿದ ಎಂ.ಕೆ. ನಂಬಿಯಾರ್ ಅವರ ಹೆಸರಿಟ್ಟಿದೆ. ಆ ನಂಬಿಯಾರ್ ವಕೀಲಿ ಮಾಡಿ ಬೆಳೆದದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನು ನೆನೆದಾಗ, ಅಂಥದ್ದೊಂದು ಕರ್ನಾಟಕದ ತಾಲೂಕುಗಳಿಗೂ ತಲುಪಬೇಕಿತ್ತೆಂಬ ಆಸೆ ಇನ್ನಷ್ಟು ಹೆಚ್ಚುತ್ತದೆ.

ನನ್ನ ಸಲಹೆ ಬಹಳ ದೊಡ್ಡದಲ್ಲ. ರಾಜ್ಯ ಪರಿಷತ್ತು ವರ್ಷಕ್ಕೆ ಹತ್ತು ಗಂಟೆಯಷ್ಟನ್ನು ಗೊತ್ತುಮಾಡಲಿ, ಮೊದಲ ಕೆಲವು ವರ್ಷ ದಂಡವಾಗಲಿ ಅಮಾನತಾಗಲಿ ಬೇಡ. ಪಾಠ ನಡೆಯುವುದು ಆಯಾ ತಾಲೂಕಿನ ವಕೀಲರ ಸಂಘದ ಕೊಠಡಿಯಲ್ಲಿ, ಕನ್ನಡದಲ್ಲಿ, ಶುಲ್ಕವಿಲ್ಲದೆ. ಕೆಳಹಂತದ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ಕನ್ನಡದಲ್ಲೇ ನುಡಿಯುತ್ತಾರೆ, ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಬಂದ ವಕೀಲರೂ ಇದ್ದಾರೆ. ಹೀಗಿರುವಾಗ ವೃತ್ತಿಯ ಮುಂದಿನ ಓದು ಮಾತ್ರ ಇಂಗ್ಲಿಷಿನಲ್ಲಿ, ಬೆಂಗಳೂರಿನ ಹೋಟೆಲಿನ ಸಭಾಂಗಣದಲ್ಲಿ ನಡೆಯಬೇಕಾದ ಅಗತ್ಯವಿಲ್ಲ. ಪಾಠ ಹೇಳುವವರಾಗಿ ಪ್ರಧಾನ ಜಿಲ್ಲಾ ನ್ಯಾಯಾಧೀಶರು, ಶಿರಸ್ತೇದಾರರು, ಉಪನೋಂದಣಾಧಿಕಾರಿಗಳು, ಊರಿನ ಹಿರಿಯ ವಕೀಲರು ಬರಲಿ. ನ್ಯೂಯಾರ್ಕಿನಲ್ಲಿ ಪಾಠ ಮಾಡಿದ 50 ನಿಮಿಷಕ್ಕೆ ಮೂರು ಗಂಟೆಯ ಲೆಕ್ಕ ಸಿಗುತ್ತದೆ, ಬಡವರಿಗೆ ಉಚಿತವಾಗಿ ಸಲ್ಲಿಸಿದ ಎರಡು ಗಂಟೆಯ ಸೇವೆ ಒಂದು ಗಂಟೆಯ ಕಲಿಕೆಯೆಂದು ಎಣಿಕೆಯಾಗುತ್ತದೆ. ಈ ಎರಡು ನಿಯಮಗಳನ್ನು ಮಾತ್ರ ಇದ್ದಂತೆಯೇ ತೆಗೆದುಕೊಳ್ಳಬಹುದು. ಎರಡನೆಯದನ್ನು ತಾಲೂಕು ಕಾನೂನು ಸೇವಾ ಸಮಿತಿಯ ಪ್ರಕರಣಗಳಿಗೆ ಅನ್ವಯಿಸಿದರೆ, ಸಮಿತಿಯ ಪಟ್ಟಿಯಲ್ಲಿರುವ ಕಿರಿಯ ವಕೀಲರ ದುಡಿಮೆಗೂ ಒಂದು ಮನ್ನಣೆ ದೊರೆಯುತ್ತದೆ.

ಮೊದಲ ವರ್ಷಕ್ಕೆ ವಿಷಯಗಳನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. 63ನೇ ಕಲಂನ ಪ್ರಮಾಣಪತ್ರದ ಎರಡೂ ಭಾಗಗಳನ್ನು ಕುಳಿತು ತುಂಬಿ ನೋಡುವುದು, ಹಳೆಯ ಮತ್ತು ಹೊಸ ಸಂಹಿತೆಗಳು ಒಂದೇ ಕಡತದಲ್ಲಿ ಎದುರಾದಾಗ ಯಾವುದನ್ನು ಹಿಡಿಯಬೇಕೆಂಬುದು, ವಿನೀತಾ ಶರ್ಮಾ ತೀರ್ಪಿನ ನಂತರ ವಿಭಾಗ ದಾವೆಯ ವಾದಪತ್ರ ಬರೆಯುವ ಬಗೆ, ಮೋಟಾರು ಅಪಘಾತದ ಪರಿಹಾರ ಬಂದಾಗ ಕಕ್ಷಿದಾರರ ಹಣದ ಲೆಕ್ಕ ಇಡುವ ಕ್ರಮ. ಈ ನಾಲ್ಕರಲ್ಲಿ ನಾನು ಕೊನೆಯದರಿಂದಲೇ ಶುರುಮಾಡುತ್ತೇನೆ. ಮಿಕ್ಕ ಮೂರನ್ನು ಆಸಕ್ತಿಯುಳ್ಳ ವಕೀಲರು ಪುಸ್ತಕ ನೋಡಿಯಾದರೂ ಕಲಿತುಕೊಂಡಾರು, ಹಣದ ವಿಷಯವನ್ನು ಮಾತ್ರ ವಕೀಲರ ಸಂಘದ ಕೊಠಡಿಯಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ.