ಫುಟ್‌ಬಾಲ್ ಕ್ಲಬ್‌ಗೆ ಫೀ ಕಟ್ಟುವ ಮುಂಚೆ ಅವರ ಬೆಂಚ್ ನೋಡಿ

ಜೂನ್‌ನಲ್ಲಿ ಶಾಲೆ ಶುರುವಾಯಿತು ಅಂದ್ರೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಅಕ್ಕಾ, ನಮ್ಮ ಹುಡುಗ ಫುಟ್‌ಬಾಲ್ ಚಲೋ ಆಡ್ತಾನ್ರಿ. ಬೆಳಗಾವಿಯಾಗ ಯಾವ ಕ್ಲಬ್ಬಿಗೆ ಹಾಕೋಣು?" ನನ್ನ ಮಗಳು, ಮಗ ಇಬ್ಬರೂ ಆಡುತ್ತಾರೆ. ನಮ್ಮ ಭಾನುವಾರಗಳೆಲ್ಲ ಮೈದಾನದಲ್ಲೇ ಕಳೆಯುತ್ತವೆ. ಅದಕ್ಕೇ ನನ್ನನ್ನು ಕೇಳುತ್ತಾರೆ. ಕ್ಲಬ್ಬಿನ ಹೆಸರು ನಾನು ಹೇಳುವುದಿಲ್ಲ, ಒಂದು ಕೆಲಸ ಹೇಳುತ್ತೇನೆ. ಮಗುವನ್ನು ಮನೆಯಲ್ಲೇ ಬಿಟ್ಟು, ನೀವು ಹೋಗಿ ಆ ಕ್ಲಬ್ಬಿನ ಒಂದು ಮ್ಯಾಚ್ ಪೂರ್ತಿ ನೋಡಿ ಬನ್ನಿ. ಗೋಲು ಯಾರು ಹೊಡೆದರು ಅಂತ ನೋಡಬೇಡಿ. ಬೆಂಚ್ ಮೇಲೆ ಯಾರು ಕೂತಿದ್ದಾರೆ, ಎಷ್ಟು ಹೊತ್ತು ಕೂತಿದ್ದಾರೆ, ಅದನ್ನು ನೋಡಿ.

ನಮ್ಮೂರಿನ ಮಳೆಗಾಲದಲ್ಲಿ ಇದನ್ನು ಕಂಡುಹಿಡಿಯೋದು ಸುಲಭ. ಮ್ಯಾಚ್ ಮುಗಿದ ಮೇಲೆ ಹುಡುಗರ ಸಾಕ್ಸ್ ನೋಡಿ. ಆಡಿದವರದ್ದು ಮೊಣಕಾಲಿನವರೆಗೆ ಕೆಂಪು ರಾಡಿ. ಇಬ್ಬರು ಮೂವರದ್ದು ಮಾತ್ರ ಅಂಗಡಿಯಿಂದ ತಂದ ಹಾಗೇ ಬೆಳ್ಳಗಿರುತ್ತವೆ. ಅಂಥ ಒಬ್ಬ ಹುಡುಗನನ್ನು ನೋಡಿದ್ದೇನೆ, ಹನ್ನೊಂದು ವರ್ಷದವನಿರಬೇಕು. ಅಪ್ಪ ಬೈಕ್ ಹತ್ತಿರ ಕಾಯುತ್ತಿದ್ದರು. ಇವನು ನೀರು ನಿಂತ ಗುಂಡಿಯ ಹತ್ತಿರ ಬಗ್ಗಿ, ಕೈಯಲ್ಲಿ ರಾಡಿ ತೆಗೆದು ಸಾಕ್ಸ್‌ಗೆ ಹಚ್ಚಿಕೊಳ್ಳುತ್ತಿದ್ದ. ಅವತ್ತು ಅವನ ತಂಡ ಐದು ಗೋಲಿನಿಂದ ಗೆದ್ದಿತ್ತು. ಕೊನೆಯ ಹತ್ತು ನಿಮಿಷವಾದರೂ ಅವನನ್ನು ಇಳಿಸಬಹುದಿತ್ತು. ಇಳಿಸಲಿಲ್ಲ. ಅವರ ಮನೆಯವರೂ ಉಳಿದವರಷ್ಟೇ ಫೀ ಕಟ್ಟಿದ್ದಾರೆ ಅಲ್ವಾ?

"ಕಾಂಪಿಟಿಷನ್ ಅಂದ್ರೆ ಹಂಗೇ ಇರ್ತದ್ರಿ" ಅನ್ನುವವರಿದ್ದಾರೆ. ಹದಿನೇಳು ವರ್ಷದೊಳಗಿನವರ ತಂಡದ ಮಾತಾದರೆ ಒಪ್ಪುತ್ತೇನೆ. ಹತ್ತು, ಹನ್ನೆರಡು ವರ್ಷದ ಮಕ್ಕಳಿಗೆ ಖಂಡಿತ ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ಮಿಂಚುವ ಎಷ್ಟೋ ಮಕ್ಕಳು ಸುಮ್ನೆ ಬೇಗ ಬೆಳೆದವರು, ಅಷ್ಟೇ. ನಮ್ಮಲ್ಲಿ ವಯಸ್ಸಿನ ಗುಂಪು ಮಾಡುವುದು ಜನವರಿ 1ರ ಲೆಕ್ಕದಲ್ಲಿ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಅಂದರೆ ಎತ್ತರ, ತೂಕ, ಓಟ ಎಲ್ಲದರಲ್ಲೂ ಕಾಣುತ್ತದೆ. ಯುರೋಪಿನ ದೊಡ್ಡ ಅಕಾಡೆಮಿಗಳಲ್ಲೂ ಗುಂಪಿನಲ್ಲಿ ಕೆಲವೇ ತಿಂಗಳು ದೊಡ್ಡವರಾದ ಮಕ್ಕಳೇ ಜಾಸ್ತಿ ಆಯ್ಕೆಯಾಗುತ್ತಾರೆ ಅನ್ನೋದು ಮತ್ತೆ ಮತ್ತೆ ಕಂಡುಬಂದಿದೆ. ಡಿಸೆಂಬರ್ ಹುಡುಗ ಬೆಳೆದ ಮೇಲೆ ಎಲ್ಲರ ಸರಿಸಮ ಬರಬಹುದು. ಆದರೆ ಅಲ್ಲಿಯವರೆಗೆ ಬೆಂಚ್ ಮೇಲೇ ಕೂತರೆ ಆಟವನ್ನೇ ಬಿಟ್ಟಿರುತ್ತಾನೆ.

ಆದ್ದರಿಂದ ಕೋಚ್ ಹತ್ತಿರ ನೇರವಾಗಿ ಕೇಳಿ. ಲೀಗ್ ಮ್ಯಾಚ್‌ನಲ್ಲಿ ಪ್ರತಿ ಮಗುವಿಗೆ ಕನಿಷ್ಠ ಎಷ್ಟು ನಿಮಿಷ ಆಟ ಸಿಗುತ್ತದೆ? ಒಂದು ವಯಸ್ಸಿನ ಗುಂಪಿಗೆ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದೀರಿ? ಒಂದೇ ತಂಡ ಇಟ್ಟುಕೊಂಡು ಮೂವತ್ತು ಮಕ್ಕಳಿಂದ ಫೀ ತೆಗೆದುಕೊಳ್ಳುತ್ತಿದ್ದರೆ ಉಳಿದ ಮಕ್ಕಳ ಗತಿ ಏನಾಗುತ್ತದೆ ಅಂತ ಲೆಕ್ಕ ಹಾಕೋದು ಕಷ್ಟವಲ್ಲ. ಕೋಚ್‌ಗೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಲೈಸೆನ್ಸ್ ಇದೆಯಾ ಅಂತಲೂ ಕೇಳಿ. ಡಿ, ಆಮೇಲೆ ಸಿ, ಬಿ, ಎ ಅಂತ ಮೇಲೆ ಹೋಗುತ್ತದೆ. ಲೈಸೆನ್ಸ್ ಇದ್ದವರೆಲ್ಲ ಒಳ್ಳೆಯವರು ಅಂತಲ್ಲ. ಆದರೆ ಹತ್ತು ವರ್ಷದವರಿಗೆ ಸ್ವಲ್ಪ ಚಿಕ್ಕದಾದ 4ನೇ ನಂಬರ್ ಚೆಂಡು ಕೊಡಬೇಕು, ಅವರನ್ನು ಹನ್ನೊಂದು ಜನರ ದೊಡ್ಡ ಮೈದಾನದಲ್ಲಿ ಓಡಿಸಬಾರದು ಅನ್ನೋದಾದರೂ ಅವರಿಗೆ ಗೊತ್ತಿರುತ್ತದೆ.

ಇನ್ನು ದುಡ್ಡು. ತಿಂಗಳ ಫೀ ಸಣ್ಣದು, ಅದರ ಹಿಂದೆ ಬರುವುದು ದೊಡ್ಡದು. ಕಿಟ್, ಟೂರ್ನಮೆಂಟ್ ಎಂಟ್ರಿ, ಗೋವಾಕ್ಕೋ ಕೊಲ್ಹಾಪುರಕ್ಕೋ ಹೋಗಿಬರುವ ಗಾಡಿ, ಬೆಂಗಳೂರಿಗಾದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಟಿಕೆಟ್, ಅಲ್ಲಿ ಲಾಡ್ಜ್, ಊಟ. ಬೂಟು ಆರೇಳು ತಿಂಗಳಿಗೆ ಚಿಕ್ಕದಾಗುತ್ತದೆ. ಟರ್ಫ್ ಮೇಲೆ ಆಡುವ ಶೂ ಬೇರೆ, ರಾಡಿಯಲ್ಲಿ ಆಡುವ ಸ್ಟಡ್ ಬೂಟು ಬೇರೆ. ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ಬರೆಸಿಕೊಳ್ಳಿ. ಮಧ್ಯದಲ್ಲಿ ಮಗು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಅಂತಲೂ ಕೇಳಿ.

ಶಾಲೆಯ ವಿಷಯ ಬಹಳ ಜನ ಕೇಳುವುದೇ ಇಲ್ಲ. ಎಸ್ಸೆಸ್ಸೆಲ್ಸಿಗೆ ಶೇಕಡಾ 75 ಹಾಜರಿ ಬೇಕು. ಟೂರ್ನಮೆಂಟ್‌ಗಳು ಯಾವ ತಿಂಗಳಲ್ಲಿ, ಎಷ್ಟು ದಿನ ರಜೆ ಹಾಕಿಸಬೇಕಾಗುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಶಾಲೆಯ ತಂಡದಲ್ಲಿ ಆಡಲು ಕ್ಲಬ್ ಬಿಡುತ್ತದಾ? ಕೆಲವರು ಬಿಡುವುದಿಲ್ಲ. 1960ರಿಂದ ನಡೆಯುತ್ತಿರುವ ಸುಬ್ರೊತೊ ಕಪ್ ಶಾಲೆಗಳ ಟೂರ್ನಮೆಂಟ್. ಅಲ್ಲಿಗೆ ಹೋಗಬೇಕಾದರೆ ಶಾಲೆಯ ಜೆರ್ಸಿಯಲ್ಲೇ ಹೋಗಬೇಕು. ಆ ದಾರಿ ಮುಚ್ಚಿಸುವ ಕ್ಲಬ್ ನಿಮ್ಮ ಮಗುವಿಗೆ ಒಳ್ಳೆಯದು ಮಾಡುತ್ತಿಲ್ಲ.

ಮೈದಾನದ ಬದಿಯಲ್ಲಿ ನಿಂತು ಕಿವಿಯಲ್ಲಿ ಸಲಹೆ ಕೊಡುವವರೂ ಸಿಗುತ್ತಾರೆ. "ಡೇಟ್ ಆಫ್ ಬರ್ತ್ ಒಂದು ವರ್ಷ ಕಡಿಮಿ ಮಾಡಿಸಿಬಿಡ್ರಿ, ಎಲ್ಲಾರೂ ಮಾಡ್ತಾರ." ಈ ಮಾತು ಕೇಳಿದರೆ ನನಗೆ ಸಿಟ್ಟು ತಡೆಯೋಕೆ ಆಗುವುದಿಲ್ಲ. ಇದು ಮಗುವಿನ ಹೆಸರಿನಲ್ಲಿ ದೊಡ್ಡವರು ಮಾಡುವ ಮೋಸ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸು ನೋಡುವ ಪರೀಕ್ಷೆ ನಮ್ಮ ದೇಶದಲ್ಲೂ ಇದೆ. ಫಿಫಾ ತನ್ನ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 2009ರಿಂದ ಎಂಆರ್‌ಐ ಮಾಡಿಸುತ್ತಿದೆ. ಸಿಕ್ಕಿಬಿದ್ದರೆ ನಿಷೇಧ ಮಗುವಿಗೆ, ಸಲಹೆ ಕೊಟ್ಟವರಿಗಲ್ಲ. ಸಿಕ್ಕಿಬೀಳದಿದ್ದರೂ ಆಧಾರ್ ಒಂದು, ಶಾಲೆಯ ದಾಖಲೆ ಇನ್ನೊಂದು ಅಂತಾಗಿ ಮುಂದೆ ಪಾಸ್‌ಪೋರ್ಟ್‌ಗೆ ಅಲೆಯಬೇಕು. ಅದಕ್ಕಿಂತ ಹೆಚ್ಚಾಗಿ, ತನಗಿಂತ ಚಿಕ್ಕವರನ್ನು ಮೈಬಲದಿಂದ ತಳ್ಳಿ ಗೆಲ್ಲುವುದನ್ನೇ ಆ ಹುಡುಗ ಆಟ ಅಂದುಕೊಳ್ಳುತ್ತಾನೆ. ಜನನ ಪ್ರಮಾಣಪತ್ರದ ಒರಿಜಿನಲ್ ಯಾವ ಕ್ಲಬ್ಬಿಗೂ ಕೊಟ್ಟು ಬರಬೇಡಿ. ಜೆರಾಕ್ಸ್ ಕೊಟ್ಟು, ಒರಿಜಿನಲ್ ತೋರಿಸಿದರೆ ಸಾಕು.

ಎಐಎಫ್‌ಎಫ್‌ನ ಸಿಆರ್‌ಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಆಟಗಾರರ ಹೆಸರು ನೋಂದಣಿಯಾಗುತ್ತದೆ. ಮಗುವಿನ ಹೆಸರು ಅಲ್ಲಿ ಹಾಕುತ್ತಾರಾ, ಬೇರೆ ಕ್ಲಬ್ಬಿಗೆ ಹೋಗಬೇಕಾದರೆ ಏನು ಮಾಡಬೇಕು, ಇದನ್ನು ಸಹಿ ಹಾಕುವ ಮುಂಚೆ ಕೇಳಿ. ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಸ್ವಲ್ಪ ಚೆನ್ನಾಗಿ ಆಡಲು ಶುರುಮಾಡಿದರೆ ಏಜೆಂಟ್ ಅಂತ ಹೇಳಿಕೊಂಡು ಬರುವವರೂ ಇದ್ದಾರೆ. "ಗೋವಾದಾಗ ಟ್ರಯಲ್ಸ್, ಅಲ್ಲಿಂದ ಸ್ಪೇನ್" ಅನ್ನುತ್ತಾರೆ, ಮುಂಗಡ ಕೇಳುತ್ತಾರೆ. ಫಿಫಾ ನಿಯಮದಲ್ಲಿ ಹದಿನೆಂಟು ತುಂಬದ ಆಟಗಾರ ದೇಶ ಬಿಟ್ಟು ಬೇರೆ ದೇಶದ ಕ್ಲಬ್ಬಿಗೆ ವರ್ಗವಾಗುವಂತಿಲ್ಲ. ಅಪ್ಪ ಅಮ್ಮ ಫುಟ್‌ಬಾಲ್‌ಗಲ್ಲದೆ ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದಂಥ ಕೆಲವೇ ವಿನಾಯಿತಿಗಳಿವೆ. ತಿಲಕವಾಡಿಯ ಹದಿನಾಲ್ಕರ ಹುಡುಗನಿಗೆ ಸ್ಪೇನಿನ ಕ್ಲಬ್ ಕೊಡಿಸುತ್ತೇನೆ ಅನ್ನುವವರ ಕೈಗೆ ಒಂದು ರೂಪಾಯಿ ಕೂಡ ಕೊಡಬೇಡಿ.

ನಮ್ಮ ದೇಶದಲ್ಲೇ ಇದನ್ನು ಹೊಟ್ಟೆಪಾಡು ಮಾಡಿಕೊಳ್ಳುವುದು ಎಷ್ಟು ಕಷ್ಟ ಅನ್ನೋದೂ ಗೊತ್ತಿರಲಿ. 2025ರಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಅನ್ನುವ ಗೊಂದಲದಲ್ಲಿ ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ ಮೊದಲ ತಂಡದ ಆಟಗಾರರ ಸಂಬಳ ತಡೆಹಿಡಿದಿತ್ತು. ಹಾಗಂತ ಆಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಮಕ್ಕಳನ್ನು ಆಡಿಸುತ್ತಲೇ ಇದ್ದೇನೆ. ಆಟ ಅವರಿಗೆ ಕೊಡುವುದು ಬಹಳ ಇದೆ. ಆದರೆ ಕೆಲಸ ಕೊಡಿಸುತ್ತದೆ ಅನ್ನುವ ಭರವಸೆ ಮೇಲೆ ಸಾಲ ಮಾಡಿ ಸೇರಿಸಬೇಡಿ.

ಮೈಯ ಬಗ್ಗೆ ಎರಡು ಮಾತು. ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅದಕ್ಕಿಂತ ಜಾಸ್ತಿ ಗಂಟೆ ಪ್ರ್ಯಾಕ್ಟೀಸ್, ಮ್ಯಾಚ್ ಬೇಡ ಅನ್ನೋದು ಕ್ರೀಡಾ ವೈದ್ಯರು ಹೇಳುವ ಸುಲಭ ಲೆಕ್ಕ. ಶಾಲೆ, ಕ್ಲಬ್, ಸಂಜೆಯ ಟರ್ಫ್ ಮೂರನ್ನೂ ಕೂಡಿಸಿ ನೋಡಿ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಅಥವಾ ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂದರೆ ನಾಟಕ ಅಂತ ಬೈಯಬೇಡಿ. ಅಲ್ಲಿ ಎಲುಬು ಇನ್ನೂ ಬೆಳೆಯುತ್ತಿರುತ್ತದೆ, ವಿಶ್ರಾಂತಿ ಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದರೆ ಅವತ್ತು ಮತ್ತೆ ಮೈದಾನಕ್ಕೆ ಇಳಿಸಲೇಬಾರದು, ಫೈನಲ್ ಆದರೂ ಸರಿ. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಬೇಡ ಅಂತ 2015ರಲ್ಲೇ ಹೇಳಿದ್ದಾರೆ. ನಿಮ್ಮ ಕೋಚ್ ಈ ಬಗ್ಗೆ ಏನು ಅನ್ನುತ್ತಾರೆ ಕೇಳಿ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರು ಇನ್ನೂ ಕೆಲವು ಕೇಳಬೇಕು. ಮೈದಾನದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಟಾಯ್ಲೆಟ್ ಇದೆಯಾ? ಬೇರೆ ಊರಿಗೆ ಹೋದಾಗ ಜೊತೆಗೆ ಬರುವ ಹೆಂಗಸು ಯಾರು, ಮಕ್ಕಳ ರೂಮಿನ ಹತ್ತಿರವೇ ಇರುತ್ತಾರಾ? ರಾತ್ರಿ ಕೋಚ್ ಮಕ್ಕಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡುತ್ತಾರಾ, ಅಥವಾ ಅಪ್ಪ ಅಮ್ಮ ಇರುವ ಗ್ರೂಪ್‌ನಲ್ಲೇ ಹೇಳುತ್ತಾರಾ? ಗಂಡುಮಕ್ಕಳ ತಂಡಕ್ಕೂ ಈ ಕೊನೆಯ ಪ್ರಶ್ನೆ ಅಷ್ಟೇ ಮುಖ್ಯ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣು ಅಂತ ಭೇದ ಮಾಡುವುದಿಲ್ಲ. ಮಕ್ಕಳ ಸಹಾಯವಾಣಿಯ 1098 ನಂಬರ್ ಮಕ್ಕಳಿಗೂ ಗೊತ್ತಿರಲಿ. ಕೇಳಿದಾಗ "ನಮ್ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಅಂತ ಮುಖ ಸಿಂಡರಿಸುವ ಕ್ಲಬ್‌ಗಿಂತ, ಕೂರಿಸಿ ಉತ್ತರ ಕೊಡುವ ಸಣ್ಣ ಕ್ಲಬ್‌ಗೆ ಸೇರಿಸಿ. ಅವರ ಕಪಾಟಿನಲ್ಲಿ ಒಂದೂ ಕಪ್ ಇರದಿದ್ದರೂ ಪರವಾಗಿಲ್ಲ.