ದೇವರಾಜ ಮಾರ್ಕೆಟ್ಟಿಗೊಂದು ರೋಲರ್ ಕೋಸ್ಟರ್

ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಅಣೆಕಟ್ಟೆಯ ಬುಡದಲ್ಲಿ ಡಿಸ್ನಿಲ್ಯಾಂಡ್ ಬರುತ್ತದೆ ಎಂಬ ಸುದ್ದಿಗೆ ಈಗ ವಯಸ್ಸಾಗಿದೆ. 2018ರಲ್ಲಿ ಅದು ಅಬ್ಬರದಿಂದ ಬಂದಾಗ ಜೊತೆಗೆ 125 ಅಡಿಯ ಕಾವೇರಿ ತಾಯಿ ಪ್ರತಿಮೆಯೂ ಇತ್ತು. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅನ್ನೋದು ಮೈಸೂರು, ಮಂಡ್ಯ ಕಡೆಯ ಮಕ್ಕಳಿಗೂ ಬಾಯಿಪಾಠ. ಎಷ್ಟೇ ಮಳೆ ಬಂದರೂ ತಾಯಿ ನೀರಿಗಿಂತ ಎರಡಿಂಚು ಮೇಲಿರಲಿ ಅಂತ ಯಾರೋ ಲೆಕ್ಕ ಹಾಕಿರಬೇಕು.

ಆ ಸರ್ಕಾರ ಹೋಯಿತು, ಪ್ರತಿಮೆಯ ಮಾತೂ ಹೋಯಿತು. ಪಾರ್ಕಿನ ಆಸೆ ಮಾತ್ರ ಹೋಗಲಿಲ್ಲ. 2024ರಲ್ಲಿ ಕಟ್ಟೆಯ ಕೆಳಗಿರುವ ಬೃಂದಾವನ ತೋಟವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಲು 2,600 ಕೋಟಿಗೂ ಮಿಕ್ಕಿದ ಯೋಜನೆ ಸಂಪುಟದ ಮುಂದೆ ಬಂತು. ಖಾಸಗಿಯವರ ಜೊತೆಗೂಡಿ ಮಾಡೋದಂತೆ. ಅದೇ ವರ್ಷದ ಆರಂಭದಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಡೆಸಕೂಡದು ಎಂದಿತ್ತು. ಕಲ್ಲು ಸಿಡಿಸಿದರೆ ಕಟ್ಟೆ ನಡುಗೀತು ಎಂಬ ಭಯ. ಸರಿಯಾದ ಭಯವೇ. ಕಲ್ಲು ಸಿಡಿಯುವುದು ಬೇಡ, ಅದರ ಬದಲು ಸಾವಿರಾರು ಜನ ತಲೆಕೆಳಗಾಗಿ ತಿರುಗುತ್ತಾ ಕಿರುಚಲಿ, ಕೆಳಗಡೆ ಅವರ ಕಾರುಗಳು ಓಡಾಡಲಿ, ಅದರಿಂದ ಕಟ್ಟೆಗೆ ಏನೂ ಆಗುವುದಿಲ್ಲ ಅಂತ ತೀರ್ಮಾನ. ರೈತರು ಬೀದಿಗಿಳಿದರು, ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ನಾಲೆಗೆ ನೀರು ಬಿಡಿ ಅಂದವರಿಗೆ, ಮೊದಲು ಕಾವೇರಿಗೆ ಆರತಿ ಎತ್ತೋಣ ಬನ್ನಿ ಎಂಬ ಉತ್ತರವೂ ಸಿಕ್ಕಿತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಗೇಟು, ಟಿಕೆಟ್ ಕೌಂಟರು, ಕೈಗೆ ಕಟ್ಟುವ ಬಣ್ಣದ ಪಟ್ಟಿ, ಈ ಮೂರು ಇಲ್ಲದ ಯಾವುದೂ ನಮ್ಮ ಪ್ರವಾಸೋದ್ಯಮದ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಅವರದಲ್ಲ. ಮೈಸೂರಿನ ಒಳ್ಳೆಯ ವಸ್ತುಗಳೆಲ್ಲ ಬಾಗಿಲು ತೆಗೆದುಕೊಂಡು ಸುಮ್ನೆ ಬಿದ್ದಿವೆ. ಯಾರು ಬೇಕಾದರೂ ಒಳಗೆ ಹೋಗಬಹುದು, ಅಲ್ವಾ? ಹಾಗಾದರೆ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು? ಅದಕ್ಕೇ ನಾನೊಂದು ಯೋಜನಾ ವರದಿ ಬರೆದಿದ್ದೇನೆ. ಪಾರ್ಕನ್ನು ಕಟ್ಟೆಯ ಹತ್ತಿರ ಕಟ್ಟುವ ಬದಲು ಮೈಸೂರನ್ನೇ ಪಾರ್ಕು ಮಾಡಿಬಿಡೋಣ.

ಮೊದಲು ದೇವರಾಜ ಮಾರ್ಕೆಟ್ಟು. ಧನ್ವಂತರಿ ರಸ್ತೆ ಕಡೆಯ ಗೇಟಿಗೆ ಎರಡು ದೊಡ್ಡ ಪ್ಲಾಸ್ಟಿಕ್ ಆನೆ ನಿಲ್ಲಿಸಬೇಕು. ನಿಜವಾದ ಆನೆ ಬೇಡ, ಅದು ದಸರಾದಲ್ಲಿ ಪುಕ್ಕಟೆ ಸಿಗುತ್ತದೆ. ಒಳಗೆ ಏನೂ ಬದಲಾಯಿಸಬೇಕಿಲ್ಲ. ಕುಂಕುಮದ ಗೋಪುರಗಳು ಈಗ ಹೇಗಿವೆಯೋ ಹಾಗೇ ಇರಲಿ. ಕೆಂಪು, ಹಳದಿ, ನೇರಳೆ, ಗಿಳಿಹಸಿರು, ಬೆರಳು ತಾಗಿದರೆ ಕುಸಿಯುವಷ್ಟು ಚೂಪಾಗಿ ನಿಲ್ಲಿಸಿರುತ್ತಾರೆ. ವಿದೇಶಿಯರು ಅವುಗಳ ಫೋಟೋ ತೆಗೆದು ಮನೆಗೆ ಹೋಗಿ ಕಟ್ಟು ಹಾಕಿಸುತ್ತಾರೆ. ನಮ್ಮವರು ಆ ಗೋಪುರಗಳ ಪಕ್ಕದಲ್ಲೇ ನಿಂತು, ಇಲ್ಲಿ ನೋಡೋಕೆ ಏನಿದೆ ಅಂತ ಫೋನಿನಲ್ಲಿ ಹುಡುಕುತ್ತಾರೆ.

ಹೂವಿನ ಸಾಲಿನಲ್ಲಿ ಮಾತ್ರ ಸ್ವಲ್ಪ ಬಿಗಿ ಮಾಡಬೇಕು. ಅಲ್ಲಿ ಮಲ್ಲಿಗೆಯನ್ನು ಇಂದಿಗೂ ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಯಾರ ಮೊಣಕೈ? ಮಾರುವವರದು.

“ಏನಣ್ಣಾ, ಮೊಳ ಇಷ್ಟು ಗಿಡ್ಡ ಆಯ್ತು?”

“ನನ್ನ ಕೈ ಇಷ್ಟೇ ಇರೋದು ಅಕ್ಕ, ನಾನೇನು ಮಾಡ್ಲಿ? ತಗೊಳ್ಳಿ, ಇನ್ನೊಂದು ಗೇಣು ಹಾಕಿದ್ದೀನಿ.”

ಈ ಸಂಭಾಷಣೆ ದಿನಕ್ಕೆ ನೂರಾರು ಸಲ ನಡೆಯುತ್ತದೆ, ಒಂದು ಪೈಸೆ ಆದಾಯವಿಲ್ಲ. ಊರಿನ ಅಜ್ಜಿಯಂದಿರಿಗೆ ಯಾವ ಅಂಗಡಿಯವನ ಕೈ ಉದ್ದ ಅಂತ ಗೊತ್ತಿರುತ್ತದೆ, ಸೀದಾ ಅಲ್ಲಿಗೇ ಹೋಗುತ್ತಾರೆ. ಇದನ್ನೇ ‘ಲೈವ್ ಹೆರಿಟೇಜ್ ಶೋ’ ಅಂತ ಮಾಡಿ, ಸಂಜೆ ಐದಕ್ಕೊಂದು ಏಳಕ್ಕೊಂದು ಆಟ ಇಟ್ಟು, ಎದುರಿಗೆ ಕುರ್ಚಿ ಹಾಕಿದರೆ ಜನ ಕ್ಯೂ ನಿಲ್ಲುತ್ತಾರೆ.

ಮಾರ್ಕೆಟ್ಟಿನ ಒಂದು ಭಾಗ 2016ರಲ್ಲಿ ಕುಸಿಯಿತು. ಅಂದಿನಿಂದ ಒಂದು ಸಮಿತಿ ದುರಸ್ತಿ ಮಾಡಿ ಅಂದರೆ ಇನ್ನೊಂದು ಸಮಿತಿ ಕೆಡವಿ ಅನ್ನುತ್ತದೆ. ಪರಂಪರೆ ತಜ್ಞರು ಗೋಡೆ ಗಟ್ಟಿ ಇದೆ ಅನ್ನುತ್ತಾರೆ, ಎಂಜಿನಿಯರುಗಳು ಗೋಡೆ ಹೋಯಿತು ಅನ್ನುತ್ತಾರೆ. ನಡುವೆ ಬಾಳೆಹಣ್ಣಿನವರು ಗೊನೆ ನೇತುಹಾಕಿಕೊಂಡು ವ್ಯಾಪಾರ ಮಾಡುತ್ತಲೇ ಇದ್ದಾರೆ. ಡಿಸ್ನಿಯವರು ಕೋಟಿಗಟ್ಟಲೆ ಸುರಿದು ಹಳೇ ಪೇಟೆಯ ಸೆಟ್ ಹಾಕುತ್ತಾರೆ, ಗೋಡೆ ಹಳೆಯದಾಗಿ ಕಾಣಲಿ ಅಂತ ಬೇಕಂತಲೇ ಬಣ್ಣ ಕೆರೆಯುತ್ತಾರೆ. ನಮ್ಮಲ್ಲಿ ಕೆರೆಯುವ ಖರ್ಚೂ ಇಲ್ಲ. ನೂರು ವರ್ಷ ದಾಟಿದ ಅಸಲಿ ಪೇಟೆ ಇದೆ. ಅದನ್ನು ಕೆಡವಿ ಹೊಸದು ಕಟ್ಟಿ, ಆಮೇಲೆ ಅದು ಹಳೆಯದಾಗಿ ಕಾಣುವ ಹಾಗೆ ಮಾಡೋಣ ಎಂಬುದು ಈಗಿನ ಆಲೋಚನೆ.

ಹತ್ತಿರದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ. ಅದು 2012ರಲ್ಲಿ ಕುಸಿದಾಗ ಜೀವಗಳೇ ಹೋದವು, ಹಾಗಾಗಿ ಅದರ ಬಗ್ಗೆ ತಮಾಷೆ ಮಾಡಲು ಮನಸ್ಸಾಗುವುದಿಲ್ಲ. ಅಷ್ಟಾದ ಮೇಲೂ ಅದರ ಕೈಹಿಡಿಯುವವರಿಲ್ಲದೆ ವರ್ಷಗಳು ಉರುಳಿದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈಗ ಊಟದ ವಿಭಾಗ. ಮೈಸೂರು ದರ್ಶನದ ಬಸ್ಸುಗಳು ಮಧ್ಯಾಹ್ನ ಎಲ್ಲಿ ನಿಲ್ಲುತ್ತವೆ ನೋಡಿದ್ದೀರಾ? ಡ್ರೈವರಿಗೆ ಊಟ ಪುಕ್ಕಟೆ ಸಿಗುವ ಹೋಟೆಲಿನ ಮುಂದೆ. ಅಲ್ಲಿ ಪ್ರವಾಸಿಗಳಿಗೆ ಪನೀರು ಬಟರ್ ಮಸಾಲ, ತಂದೂರಿ ರೊಟ್ಟಿ. ಮುಗಿದ ಮೇಲೆ ‘ಸರ್ಕಾರಿ ದರ’ ಎಂದು ಬೋರ್ಡು ಹಾಕಿಕೊಂಡ, ಸರ್ಕಾರಕ್ಕೆ ಸಂಬಂಧವೇ ಇಲ್ಲದ ರೇಷ್ಮೆ ಅಂಗಡಿ. ಅರಮನೆಗೆ ಒಂದು ಗಂಟೆ ಕೊಟ್ಟರೆ ಆ ಅಂಗಡಿಗೆ ಒಂದೂವರೆ ಗಂಟೆ. ಹೀಗೆ ಮೈಸೂರು ನೋಡಿದವರು ಊರಿಗೆ ವಾಪಸು ಹೋಗಿ, ಚೆನ್ನಾಗಿತ್ತು, ಆದರೆ ಊಟ ನಮ್ಮ ಕಡೆಯದೇ ವಾಸಿ ಅನ್ನುತ್ತಾರೆ. ಅವರು ತಿಂದದ್ದು ಅವರ ಕಡೆಯ ಊಟವೇ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ನಜರ್‌ಬಾದಿನಲ್ಲಿ ಮೈಲಾರಿ ದೋಸೆ ಇದೆ. ಅಂಗೈಯಷ್ಟೇ ಮೃದು, ಗರಿಗರಿ ಬಯಸುವವರು ಆ ಕಡೆ ತಲೆ ಹಾಕಬಾರದು. ಒಳಗೆ ಸಾಗು, ಮೇಲೆ ಕರಗುತ್ತಾ ಜಾರುವ ಬೆಣ್ಣೆ ಉಂಡೆ, ಪಕ್ಕದಲ್ಲಿ ಕಾಯಿ ಚಟ್ನಿ. ಒಂದು ತಿಂದವರು ಇನ್ನೊಂದು ಹೇಳದೆ ಏಳುವುದಿಲ್ಲ. ಅದೇ ಹೆಸರಿನ ಎರಡು ಹೋಟೆಲು ಹತ್ತಿರ ಹತ್ತಿರವೇ ಇವೆ. ಯಾವುದು ಅಸಲಿ ಅನ್ನುವ ವಾದಕ್ಕೆ ಮೈಸೂರಿನಲ್ಲಿ ಇನ್ನೂ ಮುಕ್ತಾಯ ಸಿಕ್ಕಿಲ್ಲ. ಜಾಣರು ಎರಡು ಕಡೆಯೂ ತಿಂದು, ಕೇಳಿದವರಿಗೆ “ಇನ್ನೊಂದೇ ಅಸಲಿ” ಅಂತ ಹೇಳಿ ಕ್ಯೂ ಕಡಿಮೆ ಮಾಡಿಕೊಳ್ಳುತ್ತಾರೆ. ಪಾರ್ಕುಗಳಲ್ಲಿ ಜಾಸ್ತಿ ದುಡ್ಡು ಕೊಟ್ಟರೆ ಕ್ಯೂ ದಾಟುವ ಟಿಕೆಟ್ ಇರುತ್ತದಲ್ಲ, ಅದನ್ನು ಇಲ್ಲಿ ತಂದರೆ ಇಲಾಖೆಯ ಬೊಕ್ಕಸ ತುಂಬುತ್ತದೆ. ಮಂಡಿ ಮೊಹಲ್ಲಾದ ಹನುಮಂತು ಪಲಾವಿಗೂ ಇದೇ ವ್ಯವಸ್ಥೆ ಮಾಡಬಹುದು.

ಚುರುಮುರಿಯವರನ್ನು ಮಾತ್ರ ಏನು ಮಾಡುವುದೋ ತಿಳಿಯುತ್ತಿಲ್ಲ. ಒಂದು ತಳ್ಳುಗಾಡಿ, ಒಂದು ಪಾತ್ರೆ, ಒಂದು ಸೌಟು. ಕಡಲೆಪುರಿ, ಈರುಳ್ಳಿ, ಕ್ಯಾರೆಟ್ ತುರಿ, ಖಾರ, ಒಂದಿಷ್ಟು ಎಣ್ಣೆ, ಕೊನೆಗೆ ನಿಂಬೆಹುಳಿ. ಸೌಟು ಪಾತ್ರೆಗೆ ಬಡಿಯುವ ಟಕಟಕ ಸದ್ದಿಗೇ ಬಾಯಲ್ಲಿ ನೀರು. ಪೊಟ್ಟಣ ತೆರೆದ ಎರಡು ನಿಮಿಷದಲ್ಲಿ ತಿನ್ನಬೇಕು, ಇಲ್ಲದಿದ್ದರೆ ಪುರಿ ಮೆತ್ತಗಾಗುತ್ತದೆ. ಇಂಥದ್ದನ್ನು ಪ್ಯಾಕೆಟ್ಟಿಗೆ ಹಾಕಿ ಬೃಂದಾವನದಲ್ಲಿ ಮಾರಲು ಆಗುವುದಿಲ್ಲ. ಮಾರಲು ಆಗದ್ದನ್ನು ಏನು ಮಾಡುತ್ತಾರೋ ಅದನ್ನೇ ಇವರಿಗೂ ಮಾಡುತ್ತಾರೆ. ಗಣ್ಯರು ಬಂದಾಗಲೆಲ್ಲ ಗಾಡಿ ಎತ್ತಿಸುತ್ತಾರೆ.

ಮೈಸೂರ್ ಪಾಕ್ ಹುಟ್ಟಿದ್ದು ಅರಮನೆಯ ಅಡುಗೆಮನೆಯಲ್ಲಿ, ನಾಲ್ವಡಿಯವರ ಕಾಲದಲ್ಲಿ, ಕಾಕಾಸುರ ಮಾದಪ್ಪನವರ ಕೈಯಲ್ಲಿ. ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ ಈಗಲೂ ಇದೆ, ದೇವರಾಜ ಮಾರ್ಕೆಟ್ಟಿಗೆ ಅಂಟಿಕೊಂಡೇ. ಪುಟ್ಟ ಅಂಗಡಿ. ಒಳಗೆ ಕೂರಲು ಜಾಗವಿಲ್ಲ, ರಸ್ತೆಯಲ್ಲೇ ನಿಂತು ಬೆರಳು ಚೀಪಬೇಕು. ಅದಕ್ಕೇ ಅದು ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಮೇಲೆ ಬರುವುದಿಲ್ಲ. ಹತ್ತಿರ ಒಂದು ಗಾಜಿನ ಗುಮ್ಮಟ ಕಟ್ಟಿ, ನಡುವೆ ಹತ್ತಡಿ ಎತ್ತರದ ಫೈಬರ್ ಮೈಸೂರ್ ಪಾಕ್ ಇಟ್ಟು, ‘ಮುಟ್ಟಬೇಡಿ’ ಅಂತ ಬರೆದರೆ ಜನ ಅದರ ಮುಂದೆ ಸೆಲ್ಫಿ ತೆಗೆಯುತ್ತಾರೆ. ತಿನ್ನುವುದು ಹೇಗೂ ಮುಖ್ಯವಲ್ಲವಲ್ಲ.

ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಸರ್ಟಿಫಿಕೇಟು ಇರಬಹುದು, ಹಣ್ಣೇ ಅಪರೂಪ. ಸೊರಗು ರೋಗ ತೋಟಗಳನ್ನು ತಿಂದುಹಾಕಿತು, ಬೆಳೆಗಾರರು ಬೇರೆ ಬೆಳೆಗೆ ಹೋದರು. ಅದಕ್ಕೂ ನನ್ನ ಹತ್ತಿರ ಪರಿಹಾರವಿದೆ. ಊರಿನಲ್ಲಿ ಮೇಣದ ಗೊಂಬೆಗಳ ಮ್ಯೂಸಿಯಂ ಇದೆ. ಒಂದು ಮೇಣದ ಗೊನೆ ಮಾಡಿಸಿ ಅಲ್ಲಿ ತೂಗುಹಾಕಿದರೆ ಆಯಿತು. ಸೊರಗು ರೋಗ ಮೇಣಕ್ಕೆ ಬರುವುದಿಲ್ಲ. ಮೈಸೂರಿನದೇ ತಳಿಯಾದ ಈರನಗೆರೆ ಬದನೆಯನ್ನೂ ಅದರ ಪಕ್ಕದಲ್ಲೇ ಇಡಬಹುದು.

ಸಾಹಸ ಕ್ರೀಡೆ ಬೇಕು ಅನ್ನುವವರಿಗೆ ಗರಡಿಮನೆಗಳಿವೆ. ಹಳೇ ಮೊಹಲ್ಲಾಗಳ ಸಂದಿಯಲ್ಲಿ ತಲೆ ತಗ್ಗಿಸಿ ನುಗ್ಗುವಷ್ಟು ಗಿಡ್ಡ ಬಾಗಿಲು. ಒಳಗೆ ಕೆಂಪು ಮಟ್ಟಿ, ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡಿರುತ್ತಾರೆ. ಮೂಲೆಯಲ್ಲಿ ಹನುಮಂತ, ಗೋಡೆಗೆ ಒರಗಿಸಿದ ಗದೆ. ಪೈಲ್ವಾನರು ಬೆಳಗಿನ ಜಾವವೇ ಆ ಮಣ್ಣಿನಲ್ಲಿ ಹೊರಳಾಡುತ್ತಾರೆ. ಅದೇ ಮಣ್ಣನ್ನು ರೆಸಾರ್ಟಿನವರು ಮೈಗೆ ಮೆತ್ತಿ ‘ಮಡ್ ಥೆರಪಿ’ ಎಂದು ಸಾವಿರಗಟ್ಟಲೆ ಕೀಳುತ್ತಾರೆ. ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಸಿಕೊಳ್ಳಲು ದುಡ್ಡಿಲ್ಲ, ಎತ್ತಿ ಒಗೆಸಿಕೊಳ್ಳಲೂ ದುಡ್ಡಿಲ್ಲ. ಯಾವ ಪಾರ್ಕಿನಲ್ಲಿ ಹೀಗೆ ಕೊಡುತ್ತಾರೆ ಹೇಳಿ?

ಟಿಕೆಟ್ ವ್ಯವಸ್ಥೆಯಲ್ಲಿ ನನ್ನ ಯೋಜನೆ ಡಿಸ್ನಿಯನ್ನೂ ಮೀರಿಸುತ್ತದೆ. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲೇ. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ, 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಅಲ್ಲಿನದೇ ಶಾಯಿ, ಹೊರದೇಶಗಳಿಗೂ ಹೋಗುತ್ತದೆ. ಅದೇನು ಮಾಮೂಲಿ ಸಂಗತಿಯಾ? ಆದರೆ ಯಾವ ಬಸ್ಸೂ ಆ ಕಡೆ ತಿರುಗುವುದಿಲ್ಲ. ನನ್ನ ಪಾರ್ಕಿನಲ್ಲಿ ಕೈಗೆ ಪಟ್ಟಿ ಇಲ್ಲ, ಬೆರಳಿಗೆ ಶಾಯಿ. ಒಂದು ಸಲ ಒಳಗೆ ಬಂದವರು ಉಗುರು ಬೆಳೆಯುವವರೆಗೆ ಮತ್ತೆ ಬರುವಂತಿಲ್ಲ. ದಸರಾ ನೂಕುನುಗ್ಗಲು ಅಲ್ಲಿಗೆ ಬಗೆಹರಿಯಿತು.

ಓದುವ ಚಟವಿರುವ ನಾಲ್ಕು ಜನಕ್ಕೂ ಏನಾದರೂ ಇಡಬೇಕು. 1970ರಿಂದ ಸಂಸ್ಕೃತದಲ್ಲಿ ದಿನಪತ್ರಿಕೆ ತರುತ್ತಿರುವ ಊರು ಇದು. ಇಲ್ಲಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದ ತಾಳೆಗರಿ ಕಟ್ಟುಗಳ ನಡುವೆ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ರಾಜ್ಯದ ಖಜಾನೆ ಹೇಗೆ ನೋಡಿಕೊಳ್ಳಬೇಕು, ಅಧಿಕಾರಿಗಳು ಎಷ್ಟು ಬಗೆಯಲ್ಲಿ ಹಣ ನುಂಗುತ್ತಾರೆ, ಎಲ್ಲ ಅದರಲ್ಲಿದೆ. ಈ ವಿಭಾಗಕ್ಕೆ ಜನರನ್ನು ಜಾಸ್ತಿ ಬಿಡದಿರುವುದೇ ಕ್ಷೇಮ ಅಂತ ಇಲಾಖೆಯವರು ಹೇಳಿದರೆ ನನ್ನ ತಕರಾರಿಲ್ಲ.

ಬೃಂದಾವನವನ್ನು ಏನು ಮಾಡುವುದು ಅಂತ ಕೇಳಬಹುದು. ಏನೂ ಮಾಡಬೇಡಿ ಅನ್ನುವುದೇ ನನ್ನ ವರದಿಯ ಅತ್ಯಂತ ದುಬಾರಿ ಶಿಫಾರಸು, ಯಾಕೆಂದರೆ ಅದರಲ್ಲಿ ಯಾರಿಗೂ ಕಮಿಷನ್ ಇಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ಮಾಡಿಸಿದ ತೋಟ ಅದು. ಕಾರಂಜಿಗಳಿಗೆ ನೀರು, ಶೌಚಾಲಯಕ್ಕೆ ನೀರು, ದಾರಿದೀಪಕ್ಕೆ ಬಲ್ಬು, ಇಷ್ಟಾದರೆ ಅದು ಇನ್ನೂ ನೂರು ವರ್ಷ ಬಾಳುತ್ತದೆ. ಅಣೆಕಟ್ಟೆಯ ಪಕ್ಕದಲ್ಲೇ ಶೌಚಾಲಯಕ್ಕೆ ನೀರು ಕೇಳುವುದು ಸ್ವಲ್ಪ ಜಾಸ್ತಿಯಾಯಿತೇನೋ.

ನನ್ನ ಯೋಜನೆಗಿರುವ ದೊಡ್ಡ ತೊಡಕು ಪಾರ್ಕಿಂಗು. ಮಾರ್ಕೆಟ್ಟಿನ ಸುತ್ತ ಸೈಕಲ್ ಒರಗಿಸಲೂ ಜಾಗವಿಲ್ಲ. ಟೌನ್‌ಹಾಲ್ ಆವರಣದಲ್ಲಿ ನೆಲದಡಿಗೆ ಕಾರು ನಿಲ್ಲಿಸಲಿಕ್ಕೆಂದು ಅಗೆದು, ಕಟ್ಟಿ, ವರ್ಷಗಟ್ಟಲೆ ಬಳಕೆಗೇ ಬಾರದೆ ಬಿಟ್ಟಿದ್ದರಲ್ಲ, ಅದನ್ನೂ ಯೋಚಿಸಿದೆ. ಕಾರು ನಿಲ್ಲಿಸಿ ಅಂತಹ ಜಾಗವನ್ನು ಹಾಳು ಮಾಡುವುದು ಬೇಡ. ಕತ್ತಲೆ ಇದೆ, ಮೆಟ್ಟಿಲು ಇಳಿದರೆ ಪಾತಾಳವೇ. ‘ಪಾತಾಳ ಲೋಕ’ ಅಂತ ಬೋರ್ಡು ಹಾಕೋಣ. ದೊಡ್ಡವರಿಗೆ ನೂರು ರೂಪಾಯಿ, ಮಕ್ಕಳಿಗೆ ಐವತ್ತು. ಕಾರಿನಲ್ಲಿ ಬರುವವರು ದಯವಿಟ್ಟು ಗಾಡಿಯನ್ನು ಬೇರೆಲ್ಲಾದರೂ ನಿಲ್ಲಿಸಿ ಬರಬೇಕು.