ದುಡ್ಡು ಬಂದಾಗ ಮಕ್ಕಳಿರಲಿಲ್ಲ, ಮಕ್ಕಳು ಬಂದಾಗ ದುಡ್ಡಿರಲಿಲ್ಲ

ನಿನ್ನೆ ಮಧ್ಯಾಹ್ನ ಓಪಿಡಿಯಲ್ಲಿ ಕೂತಿದ್ದೆ. ಮುಂದೆ ಒಂದು ಮಗು ಅಳುತ್ತಿತ್ತು. ಅದಕ್ಕಿಂತ ಜೋರಾಗಿ ಅದರ ಅಜ್ಜಿ ಅಳುತ್ತಿದ್ದಳು. ಅಷ್ಟರಲ್ಲಿ ಫೋನ್ ಟಿಂಗ್ ಅಂತು. 'ಅಭಿನಂದನೆಗಳು ಡಾಕ್ಟರ್! ಮಕ್ಕಳ ಆರೋಗ್ಯ ಸಂಶೋಧನೆಯಲ್ಲಿ ನಿಮ್ಮ ಅಪಾರ ಸಾಧನೆಯನ್ನು ಗುರುತಿಸಿ ನಿಮ್ಮನ್ನು ವರ್ಷದ ಶ್ರೇಷ್ಠ ಸಂಶೋಧಕಿ ಪ್ರಶಸ್ತಿಗೆ ಆಯ್ಕೆ ಮಾಡಲಾಗಿದೆ.' ಕೆಳಗೆ ಸಣ್ಣ ಅಕ್ಷರದಲ್ಲಿ ನೋಂದಣಿ ಶುಲ್ಕ 14,999 ರೂಪಾಯಿ, ಜಿಎಸ್‌ಟಿ ಬೇರೆ. ಗೋವಾದ ಹೋಟೆಲಿನಲ್ಲಿ ಸಮಾರಂಭ. ಜೊತೆಗೆ ಬರುವವರ ಊಟಕ್ಕೆ ಇನ್ನೊಂದು ರೇಟು.

ನನ್ನ ಅಪಾರ ಸಾಧನೆ ಏನು ಗೊತ್ತಾ? ಒಂದೂವರೆ ವರ್ಷದಲ್ಲಿ 61 ಮಕ್ಕಳ ರಕ್ತ ಪರೀಕ್ಷೆ. ಮಾಡಬೇಕಿದ್ದದ್ದು 600. ಆ 61 ಕೂಡ ಉಪಯೋಗಕ್ಕೆ ಬಾರದ 61. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಪ್ರಶಸ್ತಿಯವರ ಮೇಲಿನ ಸಿಟ್ಟು ತೀರಲಿ.

ಇವರಿಗೆ ನನ್ನ ನಂಬರ್ ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ. ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಒಬ್ಬರು ನನ್ನನ್ನು ಮೂಳೆ ತಜ್ಞೆ ಅಂತ ಸಂಬೋಧಿಸಿ ಮಕ್ಕಳ ಆರೋಗ್ಯದ ಪ್ರಶಸ್ತಿ ಕೊಡಲು ಬಂದಿದ್ದರು. ಇದನ್ನು ನೋಡಿ ನಕ್ಕು ಅಳಿಸಿ ಹಾಕಬಹುದು, ಅಲ್ವಾ? ಆಗಲ್ಲ. ಯಾಕಂದರೆ ಇದನ್ನು ಕೊಳ್ಳುವವರು ನಮ್ಮ ಪಕ್ಕದ ಕೋಣೆಯಲ್ಲೇ ಇದ್ದಾರೆ. ಹೋದ ವರ್ಷ ಒಬ್ಬರು ದುಡ್ಡು ಕಟ್ಟಿ ಟ್ರೋಫಿ ತಂದರು. ಕಾಲೇಜಿನ ಗೇಟಿಗೆ ಹತ್ತು ಅಡಿಯ ಫ್ಲೆಕ್ಸ್ ಬಿತ್ತು. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಯಿತು. ಆಮೇಲೆ ನಡೆದ ಮೀಟಿಂಗಿನಲ್ಲಿ ನನ್ನನ್ನೇ ಕೇಳಿದರು: 'ಮೇಡಂ, ನಿಮ್ಮದು ಪ್ರಶಸ್ತಿ ಕಾಲಂ ಖಾಲಿ ಇದೆಯಲ್ಲ?'

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಂದಾಗ ಸಂಶೋಧನೆಗೆ ಸಿಕ್ಕ ಪ್ರಶಸ್ತಿಗಳ ಲೆಕ್ಕ ಕೇಳುತ್ತಾರೆ. ಅಂಕ ಬೇಕು ಅಂದಮೇಲೆ ಕಾಲೇಜಿಗೆ ಸಂಖ್ಯೆ ಬೇಕು. ಸಂಖ್ಯೆ ಬೇಕು ಅಂದಮೇಲೆ ಮಾರುವವರು ಹುಟ್ಟುತ್ತಾರೆ. ಸಂತೆಯಲ್ಲಿ ಬದನೆಕಾಯಿ ಸಿಕ್ಕ ಹಾಗೆ ಸಿಗುತ್ತದೆ.

ಇನ್ನು ನಿಜವಾದ ಪ್ರಶಸ್ತಿಗಳ ಕತೆ. ಸರ್ಕಾರ 2022ರಲ್ಲಿ ವಿಜ್ಞಾನದ ಇಲಾಖೆಗಳಲ್ಲಿದ್ದ ಹಳೆಯ ಪ್ರಶಸ್ತಿಗಳನ್ನು ಕಡಿಮೆ ಮಾಡಲು ಹೊರಟಿತು. ಮರುವರ್ಷ ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ಅಂತ ಹೊಸದು ಘೋಷಿಸಿತು. 2024ರ ಆಗಸ್ಟ್‌ನಲ್ಲಿ ಮೊದಲ ಸಲ 33 ಪುರಸ್ಕಾರ ಕೊಟ್ಟರು. ಪದಕ, ಪ್ರಮಾಣಪತ್ರ ಇದೆ, ನಗದು ಇಲ್ಲ. ನಿಜವಾದ ಪ್ರಶಸ್ತಿಗೆ ಅವರು ದುಡ್ಡು ಕೊಡಲ್ಲ, ಸುಳ್ಳು ಪ್ರಶಸ್ತಿಗೆ ನಾವೇ ದುಡ್ಡು ಕೊಡಬೇಕು. 'ಯುವ' ವಿಜ್ಞಾನಿಗಳಿಗೆ ಅಂತ ಇರುವ ಬಹುತೇಕ ಬಹುಮಾನಗಳಿಗೆ ವಯಸ್ಸಿನ ಗೆರೆ ಬೇರೆ. ನನಗೆ 41. ಎರಡು ಹೆರಿಗೆ, ಅತ್ತೆಯ ಪಾರ್ಶ್ವವಾಯು, ಮಧ್ಯೆ ಕೋವಿಡ್ ಡ್ಯೂಟಿ. ಯುವ ಆಗಿದ್ದಾಗ ಪುರುಸೊತ್ತು ಇರಲಿಲ್ಲ.

ಇರಲಿ. ಪ್ರಶಸ್ತಿ ಇಲ್ಲದಿದ್ದರೆ ಯಾರೂ ಸಾಯಲ್ಲ. ನನ್ನ ಹೊಟ್ಟೆ ಉರಿಯುವುದು ಸಂಶೋಧನೆಯ ದುಡ್ಡಿಗೆ.

ನಮ್ಮ ವಿಜಯಪುರದ ತಾಂಡಾಗಳು ಗೊತ್ತಿರುವವರಿಗೆ ಇದು ಹೇಳಬೇಕಾಗಿಲ್ಲ. ದೀಪಾವಳಿ ಮುಗಿಯುತ್ತಿದ್ದ ಹಾಗೆ ಟ್ರ್ಯಾಕ್ಟರು, ಟ್ರಕ್ಕು ಬಂದು ನಿಲ್ಲುತ್ತವೆ. ಗಂಡ ಹೆಂಡತಿ ಜೋಡಿಯಾಗಿ ಮುಂಗಡ ತಗೊಂಡಿರುತ್ತಾರೆ. ಪಾತ್ರೆ, ಹಾಸಿಗೆ, ಕೋಳಿ, ಕೂಸು ಎಲ್ಲಾ ಏರಿಸಿಕೊಂಡು ಕಬ್ಬು ಕಡಿಯಲು ಹೊರಡುತ್ತಾರೆ. ಕೆಲವರು ಬೆಳಗಾವಿ, ಬಾಗಲಕೋಟೆ ಕಡೆ. ಜಾಸ್ತಿ ಮಂದಿ ಮಹಾರಾಷ್ಟ್ರಕ್ಕೆ. ವಾಪಸ್ ಬರುವುದು ಯುಗಾದಿ ಹೊತ್ತಿಗೆ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಸರ್ಕಾರ ಕಬ್ಬಿಣಾಂಶದ ಸಿರಪ್ ಕೊಡುತ್ತದೆ. ವಾರಕ್ಕೆ ಎರಡು ಸಲ, ಒಂದೊಂದು ಮಿಲಿ. ಬಾಟಲಿ ಕೊಡುವವರು ಆಶಾ ಅಕ್ಕ. ಆಶಾ ಅಕ್ಕ ಇರುವುದು ತಾಂಡಾದಲ್ಲಿ. ಮಗು ಇರುವುದು ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ. ಆ ಐದಾರು ತಿಂಗಳು ಏನಾಗುತ್ತದೆ? ಹೊರಡುವ ಮೊದಲೇ ಬಾಟಲಿ ಕೊಟ್ಟು, ತಾಯಿಗೆ ವಾರಕ್ಕೆ ಎರಡು ಸಲ ಫೋನ್ ಮಾಡಿ ನೆನಪಿಸಿದರೆ ಮಗುವಿನ ರಕ್ತ ಏರುತ್ತದೆಯಾ? ಇಷ್ಟೇ ನನ್ನ ಪ್ರಶ್ನೆ. ರಾಕೆಟ್ ಬಿಡುವ ಕೆಲಸ ಅಲ್ಲ. ಹೋಗುವಾಗ ಒಂದು ಹನಿ ರಕ್ತ, ಬಂದಮೇಲೆ ಒಂದು ಹನಿ ರಕ್ತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015-16ರಲ್ಲಿ ಕರ್ನಾಟಕದ ಈ ವಯಸ್ಸಿನ ಮಕ್ಕಳಲ್ಲಿ ಶೇ 60.9 ಮಂದಿಗೆ ರಕ್ತಹೀನತೆ ಇತ್ತು. 2019-21ರಲ್ಲಿ ಅದು ಶೇ 65.5 ಆಯಿತು. ಇಳಿಯಬೇಕಾದದ್ದು ಏರಿದೆ. ಯಾಕೆ ಅಂತ ಯಾರಾದರೂ ತಾಂಡಾಕ್ಕೆ ಹೋಗಿ ನೋಡಬೇಕಲ್ವಾ?

ಸರ್ಕಾರದ ಸಂಶೋಧನಾ ಅನುದಾನಕ್ಕೆ ಪ್ರಾಜೆಕ್ಟ್ ಬರೆದು ಕಳಿಸಿದೆ. 2024ರ ಜೂನ್‌ನಲ್ಲಿ ಮಂಜೂರಾತಿ ಪತ್ರ ಬಂತು. ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಹೋಳಿಗೆ ಮಾಡಿದ್ದು ಪತ್ರಕ್ಕೆ, ದುಡ್ಡಿಗಲ್ಲ ಅಂತ ಆಮೇಲೆ ಗೊತ್ತಾಯಿತು.

ಜುಲೈನಲ್ಲಿ ಕೇಳಿದರು: ಈ ಹಣಕ್ಕೆ ಬೇರೆಯೇ ಝೀರೋ ಬ್ಯಾಲೆನ್ಸ್ ಖಾತೆ ಬೇಕು, ಇಂಥದ್ದೇ ಬ್ಯಾಂಕಿನಲ್ಲಿ ಬೇಕು. ತೆರೆದೆವು. ಆಗಸ್ಟ್‌ನಲ್ಲಿ ಖಾತೆಯ ಹೆಸರಿಗೂ ಕಾಲೇಜಿನ ಹೆಸರಿಗೂ ಒಂದು ಚುಕ್ಕೆಯ ವ್ಯತ್ಯಾಸ ಅಂತ ವಾಪಸ್ ಬಂತು. ನಿಜವಾಗಿ ಚುಕ್ಕೆ. ಇಂಗ್ಲಿಷಿನ ಫುಲ್‌ಸ್ಟಾಪ್. ಸೆಪ್ಟೆಂಬರಿನಲ್ಲಿ ಸೀಲು ದುಂಡಗಿಲ್ಲ, ಚೌಕಾಕಾರ ಇದೆ ಅಂದರು. ದುಂಡು ಸೀಲು ಮಾಡಿಸಿದೆವು. ಅಕ್ಟೋಬರಿನಲ್ಲಿ ಫೋನ್ ಮಾಡಿದರೆ 'ಫೈಲ್ ಮೂವ್ ಆಗಿದೆ' ಅಂದರು. ಎಲ್ಲಿಗೆ ಅಂತ ಹೇಳಲಿಲ್ಲ. ಅದೇ ತಿಂಗಳ ಕೊನೆಗೆ ದೀಪಾವಳಿ. ಟ್ರ್ಯಾಕ್ಟರ್ ಬಂದವು. ಮಕ್ಕಳು ಹೋದರು.

ದುಡ್ಡು ಬಂದದ್ದು 2025ರ ಫೆಬ್ರವರಿ 18ಕ್ಕೆ.

ಬಂದ ದುಡ್ಡು ಮಾರ್ಚ್ 31ರೊಳಗೆ ಖರ್ಚಾಗಬೇಕು, ಉಳಿದದ್ದು ವಾಪಸ್ ಹೋಗುತ್ತದೆ. ಪರ್ಚೇಸ್ ಕಮಿಟಿ ಸೇರಬೇಕು. ಮೂರು ಕೊಟೇಶನ್ ಬೇಕು. ಕಮಿಟಿಯ ಒಬ್ಬರು ಮಗಳ ಮದುವೆಗೆ ರಜೆ. ಅಂತೂ ರಕ್ತದ ಹಿಮೋಗ್ಲೋಬಿನ್ ಅಳೆಯುವ ಒಂದು ಹಿಮೋಕ್ಯೂ ಯಂತ್ರ, ಅದಕ್ಕೆ ರಕ್ತದ ಹನಿ ಹಿಡಿದು ಇಡುವ ಪುಟ್ಟ ಕ್ಯುವೆಟ್‌ಗಳ ಡಬ್ಬಿಗಳು ಕೈಗೆ ಸಿಕ್ಕಾಗ ಮಾರ್ಚ್ ಎರಡನೇ ವಾರ. ತಾಂಡಾಕ್ಕೆ ಓಡಿದೆವು. ಅಲ್ಲಿ ಯಾರಿದ್ದರು? ಅಜ್ಜ ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು. ಅವೇ ಆ 61. ಗದ್ದೆಗೆ ಹೋದ ಮಕ್ಕಳ ಬಗ್ಗೆ ತಿಳಿಯಲು ಹೊರಟವಳು ಗದ್ದೆಗೆ ಹೋಗದ ಮಕ್ಕಳ ಬೆರಳು ಚುಚ್ಚಿ ಬಂದೆ. ಒಬ್ಬ ಅಜ್ಜಿ ಕೇಳಿದಳು, 'ಯವ್ವಾ, ಇದ್ದ ಹುಡುಗರದ್ ರಗತ ತಗೊಂಡ, ಹೋದವರದ್ ಹೆಂಗ ಹೇಳ್ತಿ?' ಪ್ರಾಜೆಕ್ಟ್ ಮಂಜೂರು ಮಾಡಿದ ಕಮಿಟಿಗಿಂತ ಈಕೆಗೆ ಜಾಸ್ತಿ ತಿಳಿದಿತ್ತು.

ಮಾರ್ಚ್ 30 ಭಾನುವಾರ ಯುಗಾದಿ. 31 ರಂಜಾನ್. ಯುಗಾದಿಗೆ ಮಕ್ಕಳು ಬಂದರು, ಮರುದಿನ ದುಡ್ಡು ವಾಪಸ್ ಹೋಯಿತು. ಸುಳ್ಳು ಕತೆ ಕಟ್ಟಿದರೂ ಇಷ್ಟು ಸರಿಯಾಗಿ ಕೂಡಿಬರುತ್ತಿರಲಿಲ್ಲ.

ಕ್ಯುವೆಟ್ ಡಬ್ಬಿಯದ್ದು ಇನ್ನೊಂದು ಗೋಳು. ಒಮ್ಮೆ ಮುಚ್ಚಳ ತೆಗೆದರೆ ಮೂರು ತಿಂಗಳು ಅಷ್ಟೇ. ಶಾಖ 40 ಡಿಗ್ರಿ ದಾಟಬಾರದು. ವಿಜಯಪುರದ ಏಪ್ರಿಲ್, ಮೇ ಬಿಸಿಲಲ್ಲಿ! ನಮ್ಮ ವಿಭಾಗದಲ್ಲಿ ಎಸಿ ಇಲ್ಲ. ಎಸಿ ಇರುವುದು ಸನ್ಮಾನ ನಡೆಯುವ ಸಭಾಂಗಣದಲ್ಲಿ. ಅಲ್ಲಿನ ಕಪಾಟಿನಲ್ಲಿ ಟ್ರೋಫಿಗಳ ಪಕ್ಕ ಡಬ್ಬಿ ಇಟ್ಟು ಬಂದೆ. ಟ್ರೋಫಿಗಳಿಗೇನು, ಅವು ಕೆಡಲ್ಲ.

ಮೇ ತಿಂಗಳಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ದುಡ್ಡು ಯಾವುದಕ್ಕೆ ಖರ್ಚಾಯಿತು ಅನ್ನುವ ಪ್ರಮಾಣಪತ್ರ, ಕೇಳಿದರು. ಜಿಎಫ್ಆರ್ 12-ಎ ಅಂತ ಅದರ ಹೆಸರು. ನನಗೀಗ ಅದು ಬಾಯಿಪಾಠ. ಸಿಎ ಸಹಿ, ಅಕೌಂಟ್ಸ್ ಸಹಿ, ಮುಖ್ಯಸ್ಥರ ಸಹಿ, ನೀಲಿ ಶಾಯಿ. ಕಳಿಸಿದೆ. ಉತ್ತರ ಬಂತು: 'ವೆಚ್ಚ ತೀರಾ ಕಡಿಮೆ ಇದೆ. ಪ್ರಗತಿ ತೃಪ್ತಿಕರವಾಗಿಲ್ಲ. ಕಾರಣ ತಿಳಿಸಿ.' ನಾನು ಕಾರಣ ತಿಳಿಸಬೇಕಂತೆ! ಎಂಟು ತಿಂಗಳು ಕೂತವರು ಅವರು, ಕಾರಣ ನಾನು ಹೇಳಬೇಕು.

ನಮ್ಮ ಫೀಲ್ಡ್ ಕೆಲಸದ ಇಬ್ಬರು ಹೆಣ್ಣುಮಕ್ಕಳ ಸಂಬಳ ಮೇ ತಿಂಗಳಿಂದ ಆಗಿಲ್ಲ. ಒಬ್ಬಳು ಬಟ್ಟೆ ಅಂಗಡಿಗೆ ಸೇರಿದಳು. ಬೈಯುವ ಮುಖ ನನಗಿಲ್ಲ. ಇನ್ನೊಬ್ಬಳು ಪ್ರತಿ ಸೋಮವಾರ ಬಾಗಿಲಲ್ಲಿ ನಿಂತು 'ಏನರ ಸುದ್ದಿ ಐತೇನ್ರಿ ಮೇಡಂ?' ಅನ್ನುತ್ತಾಳೆ. ಈಗೀಗ ಸೋಮವಾರ ನಾನೇ ಹಿಂಬಾಗಿಲಿನಿಂದ ಹೋಗುತ್ತೇನೆ. ಸಾಲ ಮಾಡಿದವರ ಹಾಗೆ.

ನಮ್ಮ ಕಡೆ ಇಂಥ ಕೆಲಸ ಆಗಲ್ಲ ಅನ್ನಬೇಡಿ. ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಆಗಿದೆ. 1,620 ಬಾಣಂತಿಯರ ಮೇಲೆ ನಡೆದ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನ ಅದು. ಊರಿನ ನರ್ಸಮ್ಮಂದಿರೇ ಗುಳಿಗೆ ಕೊಟ್ಟರು. ಗುಳಿಗೆ ಸಿಕ್ಕವರಲ್ಲಿ ಹೆರಿಗೆ ನಂತರದ ವಿಪರೀತ ರಕ್ತಸ್ರಾವ ಶೇ 6.4, ಔಷಧಿ ಇಲ್ಲದ ಗುಳಿಗೆ ನುಂಗಿದವರಲ್ಲಿ ಶೇ 12. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಿತ್ತು. ಆಮೇಲೆ ಆ ಬಾಗಿಲಿಗೂ ಕುತ್ತು ಬಂತು. ಅಮೆರಿಕದ ಸಂಸ್ಥೆಗಳ ಮೂಲಕ ಹೊರದೇಶಕ್ಕೆ ಹೋಗುವ ಉಪಅನುದಾನವನ್ನು ಹೊಸ ವ್ಯವಸ್ಥೆ ಬರುವವರೆಗೆ ಕೊಡಲ್ಲ ಅಂತ 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಹೇಳಿತು.

ರಾತ್ರಿ ನಿದ್ದೆ ಬರದಿದ್ದಾಗ ನಾನು ಡಾ. ದಿಲೀಪ್ ಮಹಲನೋಬಿಸ್ ಅವರನ್ನು ನೆನೆಯುತ್ತೇನೆ. ಅವರೂ ಮಕ್ಕಳ ಡಾಕ್ಟರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಸಲೈನ್ ಸಾಕಾಗಲಿಲ್ಲ. ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಆಸುಪಾಸು ಇದ್ದ ಸಾವು ಶೇ 3.6ಕ್ಕೆ ಇಳಿಯಿತು. ಇವತ್ತು ನಾವು ಕೊಡುವ ಓಆರ್‌ಎಸ್‌ಗೆ ಜಗತ್ತು ಒಪ್ಪಿದ್ದು ಅಲ್ಲಿಂದ ಮುಂದೆ. ಅವರು ಉಪ್ಪಿಗೆ ಮೂರು ಕೊಟೇಶನ್ ಕರೆದಿದ್ದರೆ? ಹೊರದೇಶದವರು 2002ರಲ್ಲಿ ಮಕ್ಕಳ ಸಂಶೋಧನೆಯ ಪೊಲಿನ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಕೊಟ್ಟರು. ನಮ್ಮವರು ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ. ಅವರು ತೀರಿಕೊಂಡದ್ದು 2022ರ ಅಕ್ಟೋಬರಿನಲ್ಲಿ. ಕೆಲಸ ಮಾಡಿ 51 ವರ್ಷ ಬದುಕಿದ್ದರು ಮನುಷ್ಯ! ಕರೆದು ಕೊಡಲು ಅಷ್ಟು ಸಾಲಲಿಲ್ಲವಾ?

ಇದನ್ನು ಬರೆಯುತ್ತಿರುವಾಗಲೇ ಗೋವಾದವರ ಇನ್ನೊಂದು ಮೆಸೇಜ್ ಬಂತು. ಈ ವಾರ ಕಟ್ಟಿದರೆ 2,000 ರಿಯಾಯಿತಿ. ಅದರ ಹಿಂದೆಯೇ ತಾಂಡಾದ ಆಶಾ ಅಕ್ಕನ ಫೋನ್.

'ಮೇಡಂ, ದೀಪಾವಳಿ ಆದಮ್ಯಾಗ ಟ್ರ್ಯಾಕ್ಟರ್ ಬರ್ತಾವ್ರಿ. ಈ ಸಲ ಮೊದಲ ಹೇಳಾಕತ್ತೀನಿ. ಯಾವಾಗ ಬರ್ತೀರಿ?'

ಭಾನುವಾರ ಬರುತ್ತೇನೆ ಅಂದೆ. ಫೋನ್ ಇಟ್ಟಮೇಲೆ ಕ್ಯುವೆಟ್ ಡಬ್ಬಿಗಳನ್ನು ತೆಗೆದು ನೋಡಿದೆ. ಮುಚ್ಚಳ ತೆರೆದದ್ದರ ಅವಧಿ ಜೂನ್‌ನಲ್ಲೇ ಮುಗಿದಿದೆ. ತೆರೆಯದ ಡಬ್ಬಿ ಒಂದೇ ಒಂದು ಉಳಿದಿದೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಬೇಕು.